ಅಭಯವೆಂಬ ದಾನ: ಹಿಮದ ಇಳಿಜಾರಿನಲ್ಲಿ ಧೈರ್ಯದ ಪ್ರಶ್ನೆ

ಆಲ್ಪ್ಸ್ ಪರ್ವತಶ್ರೇಣಿಯ ಊರುಗಳಿಗೆ ಚಳಿಗಾಲದಲ್ಲಿ ಸ್ಕೀ ರಜೆಗೆಂದು ಹೋಗುವ ಕುಟುಂಬಗಳಲ್ಲಿ ಇಳಿಜಾರನ್ನು ಕಂಡಾಗ ಎಲ್ಲರ ಮನಸ್ಸೂ ಒಂದೇ ಬಗೆಯಾಗಿರುವುದಿಲ್ಲ. ಮಕ್ಕಳು ಬಿದ್ದು ಎದ್ದು ಕೆಲವೇ ದಿನಗಳಲ್ಲಿ ಹಿಮದ ಮೇಲೆ ಜಾರುವುದನ್ನು ರೂಢಿಸಿಕೊಂಡರೆ, ನಡುವಯಸ್ಸಿನಲ್ಲಿ ಮೊದಲ ಬಾರಿಗೆ ಸ್ಕೀ ಹಲಗೆಗಳನ್ನು ತೊಟ್ಟ ತಾಯಿಯೋ ತಂದೆಯೋ ಕೆಳಗಿನ ಕಣಿವೆಯನ್ನು ನೋಡಿದೊಡನೆ ಮೈ ಬಿಗಿಹಿಡಿದು ನಿಂತುಬಿಡುತ್ತಾರೆ. ಸ್ವಲ್ಪ ಧೈರ್ಯ ಮಾಡಬೇಕು ಎಂದು ಮನೆಯವರು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಭಯವೆಂಬುದು ಮನಸ್ಸಿನ ದೌರ್ಬಲ್ಯ, ಅದನ್ನು ಗೆಲ್ಲುವ ಹೊಣೆ ಹೆದರಿದವರೊಬ್ಬರದೇ ಎಂಬ ತಾತ್ತ್ವಿಕ ನಿಲುವೊಂದು ಆ ಮಾತಿನ ಹಿಂದೆ ಇದೆ. ಆ ನಿಲುವು ಎಷ್ಟರಮಟ್ಟಿಗೆ ಸರಿ ಎಂಬುದೇ ಇಲ್ಲಿನ ವಿಚಾರ.

ಭಯ ದೇಹದಲ್ಲಿ ಏನು ಮಾಡುತ್ತದೆ ಎಂಬುದನ್ನು ಮೊದಲು ಗಮನಿಸಬೇಕು. ಹೆದರಿದ ಮನುಷ್ಯ ಸಹಜವಾಗಿ ಬೆಟ್ಟದ ಕಡೆಗೆ, ಅಂದರೆ ಹಿಂದಕ್ಕೆ, ವಾಲುತ್ತಾನೆ; ಸ್ಕೀಯ ತಿರುವಾದರೋ ಹಲಗೆಯ ಮುಂಭಾಗ ಹಿಮವನ್ನು ಒತ್ತಿ ಹಿಡಿಯುವುದರಿಂದ ಆರಂಭವಾಗುವ ಕಾರಣ, ಭಾರವೆಲ್ಲ ಹಿಮ್ಮಡಿಗೆ ಸರಿದೊಡನೆ ಹಲಗೆಯ ಮುಂತುದಿ ಹಗುರಾಗಿ, ತಿರುಗಿಸಲು ಬಾರದೆ, ವೇಗ ಏರುತ್ತದೆ. ಹೀಗೆ ಯಾವುದಕ್ಕೆ ಹೆದರಿದ್ದನೋ ಅದನ್ನೇ ಭಯ ಎಳೆದು ತರುತ್ತದೆ; ಕಣಿವೆಯ ಕಡೆಗೆ ಮೈಯೊಡ್ಡಿ ನಿಲ್ಲುವ, ಸಹಜಪ್ರವೃತ್ತಿಗೆ ತೀರ ವಿರುದ್ಧವಾದ ಭಂಗಿಯಲ್ಲೇ ಅವನ ಸುರಕ್ಷತೆ ಇರುತ್ತದೆ. ಬರಿಯ ಸಂಕಲ್ಪದಿಂದ ಈ ಭಂಗಿ ಕೈಗೂಡುವುದಿಲ್ಲ. ಆಸ್ಟ್ರಿಯಾದ ಆರ್ಲ್‌ಬರ್ಗ್ ಪ್ರದೇಶದ ಸಾಂಕ್ಟ್ ಆಂಟನ್ ಊರಿನಲ್ಲಿ 1920ರ ದಶಕದಲ್ಲಿ ಸ್ಕೀ ಶಾಲೆ ನಡೆಸಿದ ಹಾನೆಸ್ ಶ್ನೈಡರ್ ಅವರು ಪ್ರಸಿದ್ಧಿಗೆ ತಂದ ಪದ್ಧತಿಯು ಕಲಿಕೆಯನ್ನು ಹಂತಹಂತವಾಗಿ ಕಟ್ಟಿತು. ಮೊದಲಿಗೆ ಸ್ನೋಪ್ಲೌ, ಅಂದರೆ ಹಲಗೆಗಳ ಮುಂತುದಿಗಳನ್ನು ಹತ್ತಿರ ತಂದು, ಹಿಂತುದಿಗಳನ್ನು ಅಗಲಿಸಿ, ಒಳ ಅಂಚುಗಳಿಂದ ಹಿಮವನ್ನು ಕೆರೆಯುತ್ತ ವೇಗ ತಗ್ಗಿಸುವ ಕ್ರಮ. ಅದು ಬಂದ ಮೇಲೆ ಒಂದು ಹಲಗೆಯನ್ನಷ್ಟೇ ಅಗಲಿಸಿ ತಿರುಗುವುದು. ಆಮೇಲೆ ಎರಡನ್ನೂ ಜೋಡಿಸಿ ಹಿಡಿಯುವುದು. ಈ ಪದ್ಧತಿಯು ಕಲಿಯುವವರಿಂದ ಧೈರ್ಯವನ್ನು ಮುಂಗಡವಾಗಿ ಕೇಳುವುದಿಲ್ಲ, ನಿಲ್ಲಬಲ್ಲೆನೆಂಬ ಅರಿವನ್ನು ಮೊದಲು ಕಾಲುಗಳಿಗೆ ಕೊಡುತ್ತದೆ. ಮನೆ ಕಟ್ಟುತ್ತಲೇ ಮನೆ ಕಟ್ಟುವುದನ್ನು ಕಲಿಯುವ ಹಾಗೆ ಧೈರ್ಯದ ಕೆಲಸಗಳನ್ನು ಮಾಡುತ್ತಲೇ ಮನುಷ್ಯ ಧೈರ್ಯಶಾಲಿಯಾಗುತ್ತಾನೆ ಎಂದು ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ 'ನಿಕೊಮಾಕಿಯನ್ ಎಥಿಕ್ಸ್' ಗ್ರಂಥದಲ್ಲಿ ವಾದಿಸಿದ್ದಕ್ಕೆ ಇಷ್ಟು ನೇರವಾದ ನಿದರ್ಶನ ವಿರಳ.

ಅದೇ ಗ್ರಂಥದಲ್ಲಿ ಅರಿಸ್ಟಾಟಲ್ ಧೈರ್ಯವನ್ನು ಹೇಡಿತನಕ್ಕೂ ದುಡುಕಿಗೂ ನಡುವಿನ ಗುಣವೆಂದು ನಿರೂಪಿಸಿ, ಭೂಕಂಪಕ್ಕೂ ಕಡಲಲೆಗೂ ಅಂಜದವನನ್ನು ಧೈರ್ಯವಂತರ ಸಾಲಿಗೆ ಸೇರಿಸಲು ಒಪ್ಪುವುದಿಲ್ಲ. ಅಂಜತಕ್ಕದ್ದಕ್ಕೆ ತಕ್ಕಷ್ಟು ಅಂಜುವುದು ಧೈರ್ಯದ ಒಂದು ಅಂಗವೇ ಎಂಬುದು ಅವನ ಅಭಿಪ್ರಾಯ. ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯವು ಪ್ರವೃತ್ತಿ ನಿವೃತ್ತಿಗಳನ್ನೂ, ಅಂದರೆ ಯಾವುದರಲ್ಲಿ ತೊಡಗಬೇಕು, ಯಾವುದರಿಂದ ಹಿಂದೆ ಸರಿಯಬೇಕು ಎಂಬುದನ್ನೂ, ಭಯ ಅಭಯಗಳನ್ನೂ ಅರಿಯುವ ಬುದ್ಧಿಯನ್ನು ಸಾತ್ತ್ವಿಕವೆಂದು ಕರೆಯುತ್ತದೆ. ಭಯವನ್ನು ಬಿಡದೆ ಅಪ್ಪಿಕೊಂಡಿರುವ ಹಟವನ್ನು ತಾಮಸವೆನ್ನುವುದೂ ಅದೇ ಅಧ್ಯಾಯ. ಎರಡು ದೂರದ ಪರಂಪರೆಗಳು ಇಲ್ಲಿ ಭಯವನ್ನು ಅರಿವಿನ ವಿಷಯವಾಗಿ ಕಾಣುತ್ತವೆ.

ಇಳಿಜಾರಿನ ಮೇಲೆ ಈ ಅರಿವು ಬಹಳ ನಿರ್ದಿಷ್ಟವಾದದ್ದು. ಫ್ರಾನ್ಸ್‌ನಲ್ಲಿ ಹಾದಿಗಳನ್ನು ಕಷ್ಟದ ಏರಿಕೆಯ ಕ್ರಮದಲ್ಲಿ ಹಸಿರು, ನೀಲಿ, ಕೆಂಪು, ಕಪ್ಪು ಎಂದು ಗುರುತಿಸುತ್ತಾರೆ. ಆದರೆ ಬಣ್ಣವೊಂದೇ ಪ್ರಮಾಣವಾಗದು, ಏಕೆಂದರೆ ರಾತ್ರಿ ಹೆಪ್ಪುಗಟ್ಟಿದ ನೀಲಿ ಹಾದಿ ಬೆಳಗಿನ ಹೊತ್ತು ಗಾಜಿನಂತೆ ಗಡುಸಾಗಿರಬಹುದು, ಮೋಡ ಕವಿದಾಗ ನೆರಳೇ ಬೀಳದೆ ಉಬ್ಬುತಗ್ಗುಗಳು ಕಣ್ಣಿಗೆ ಕಾಣದಿರಬಹುದು, ದಿನದ ಕೊನೆಗೆ ದಣಿದ ಕಾಲು ಬೆಳಗ್ಗೆ ಕೇಳಿದ ಮಾತನ್ನು ಕೇಳದಿರಬಹುದು. ಇವೆಲ್ಲ ಅಂಜತಕ್ಕ ಸಂಗತಿಗಳು. ಅಗಲವಾದ, ತುದಿಯಲ್ಲಿ ತಾನಾಗಿ ಸಮತಟ್ಟಾಗುವ ಹಸಿರು ಹಾದಿಯಲ್ಲಿ ನಿಧಾನಗತಿಯಲ್ಲಿ ಬೀಳುವುದಕ್ಕೆ ಅಷ್ಟು ಅಂಜಬೇಕಿಲ್ಲ. ಬಿದ್ದಾಗ ಬೂಟನ್ನು ಹಲಗೆಯಿಂದ ಬಿಡಿಸುವ ಬೈಂಡಿಂಗ್ ಎಂಬ ಸಾಧನವನ್ನು ಬಾಡಿಗೆ ಅಂಗಡಿಯವರು ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ ಮತ್ತು ಸ್ಕೀ ಮಾಡುವವರ ಮಟ್ಟಕ್ಕೆ ತಕ್ಕಂತೆ ಹೊಂದಿಸುತ್ತಾರೆ. ನಾಚಿಕೆಯಿಂದ ತಮ್ಮ ಮಟ್ಟವನ್ನು ಹೆಚ್ಚಾಗಿ ಹೇಳಿಕೊಂಡವರಿಗೆ ಅದು ಬಿಡಿಸಿಕೊಳ್ಳಬೇಕಾದಾಗ ಬಿಡಿಸಿಕೊಳ್ಳದೆ ಮೊಣಕಾಲಿಗೆ ಪೆಟ್ಟಾಗುವ ಸಂಭವವಿದೆ. ಅಲ್ಲಿ ಭಯವನ್ನು ಒಪ್ಪಿಕೊಳ್ಳುವ ಸತ್ಯವೇ ರಕ್ಷಣೆ.

ಇಷ್ಟಾದರೂ ಪ್ರಶ್ನೆಯ ಮುಖ್ಯ ಭಾಗ ಉಳಿಯುತ್ತದೆ, ಅದು ಹೊಣೆ ಯಾರದೆಂಬುದು. ಕನ್ನಡ ನಾಡಿನಲ್ಲಿ ಶತಮಾನಗಳಿಂದ ಬೇರೂರಿದ ಜೈನ ಪರಂಪರೆಯು ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಹೇಳುತ್ತದೆ. ಭೈಷಜ್ಯವೆಂದರೆ ಔಷಧ, ಅಭಯದಾನವೆಂದರೆ ತನ್ನಿಂದ ಇನ್ನೊಂದು ಜೀವಕ್ಕೆ ಭಯವಿಲ್ಲದಂತೆ ನಡೆದುಕೊಳ್ಳುವುದು, ಅದಕ್ಕೆ ರಕ್ಷಣೆ ನೀಡುವುದು. ಈ ದೃಷ್ಟಿಯಲ್ಲಿ ನಿರ್ಭಯತೆಯು ಒಬ್ಬಂಟಿಯ ಸಾಧನೆ ಮಾತ್ರವಾಗಿ ಉಳಿಯದೆ, ಅನ್ನದಂತೆ, ಒಬ್ಬರು ಮತ್ತೊಬ್ಬರಿಗೆ ಕೊಡಬಹುದಾದ ವಸ್ತುವಾಗುತ್ತದೆ. ಅಂತಾರಾಷ್ಟ್ರೀಯ ಸ್ಕೀ ಒಕ್ಕೂಟ 1967ರಲ್ಲಿ ಅಂಗೀಕರಿಸಿದ ಹತ್ತು ನಡವಳಿಕೆಯ ನಿಯಮಗಳಲ್ಲಿ ಮೂರನೆಯದು, ಹಿಂದಿನಿಂದ ಬರುವವರು ಮುಂದಿರುವವರಿಗೆ ಅಪಾಯವಾಗದಂತೆ ತಮ್ಮ ದಾರಿಯನ್ನು ಆರಿಸಿಕೊಳ್ಳಬೇಕೆಂದು ವಿಧಿಸುತ್ತದೆ. ಮೇಲಿರುವ, ನೋಡಬಲ್ಲ, ವೇಗವುಳ್ಳ ವ್ಯಕ್ತಿಯ ಮೇಲೆಯೇ ಹೊಣೆ ಬೀಳುತ್ತದೆ. ಕ್ರೀಡೆಯ ನಿಯಮವೊಂದು ಇಷ್ಟು ಗಂಭೀರವಾದ ನೀತಿಯನ್ನು ಹೇಳುವುದು ಗೌರವಕ್ಕೆ ಅರ್ಹವಾದ ಸಂಗತಿ.

ಕುಟುಂಬದೊಳಗೂ ಇದೇ ನಿಯಮ ಸಲ್ಲಬೇಕು. ಹೆದರಿದ ಹೆಂಡತಿಗೆ ಗಂಡನೋ, ಹೆದರಿದ ತಂದೆಗೆ ಮಗಳೋ ತಾವೇ ಕಲಿಸಲು ಹೊರಟಾಗ ಪ್ರೀತಿಯ ಜೊತೆಗೆ ನಿರೀಕ್ಷೆಯ ಭಾರವೂ ಸೇರಿಕೊಳ್ಳುವುದರಿಂದ, ಕಲಿಸುವ ಕೆಲಸವನ್ನು ಸ್ಕೀ ಶಾಲೆಯ ಶಿಕ್ಷಕರಿಗೆ ಬಿಟ್ಟು, ದಣಿವಿಲ್ಲದ ಬೆಳಗಿನ ಹೊತ್ತಿನಲ್ಲಿ ಒಂದೇ ಸುಲಭದ ಹಾದಿಯನ್ನು ಹೆದರಿದವರು ಸಾಕೆನ್ನುವವರೆಗೂ ಮತ್ತೆ ಮತ್ತೆ ಇಳಿಯಲು ಬಿಡುವುದು ಒಳಿತು. ಎಲ್ಲರೂ ಕೂಡಿ ಇಳಿಯುವಾಗ ವೇಗ ಕಡಿಮೆಯಿರುವವರ ಗತಿಯೇ ಎಲ್ಲರ ಗತಿಯಾಗಬೇಕು. ಮುಂದೆ ಹೋಗಿ ಕಾದು ನಿಂತವರು, ಹಿಂದಿನಿಂದ ಬಂದವರು ತಲುಪಿದೊಡನೆ ಹೊರಟುಬಿಟ್ಟರೆ, ವಿಶ್ರಾಂತಿ ಅತಿ ಹೆಚ್ಚು ಬೇಕಾದವರಿಗೇ ಅದು ಸಿಗದೆ ಹೋಗುತ್ತದೆ.

ಹಿಂದೆ ಸರಿಯುವುದು ಯಾವಾಗ ವಿವೇಕ, ಯಾವಾಗ ತಾಮಸದ ಹಟ ಎಂಬುದನ್ನು ಹೊರಗಿನವರು ನಿರ್ಣಯಿಸುವುದು ಕಷ್ಟ. ಅದೇ ಹಾದಿಯನ್ನು ಪುನಃ ಇಳಿದಂತೆಲ್ಲ ಅಂಜಿಕೆ ಸ್ವಲ್ಪವಾದರೂ ಸಡಿಲುತ್ತಿದ್ದರೆ ಅಭ್ಯಾಸವನ್ನು ಮುಂದುವರಿಸಬಹುದು. ದಿನದಿಂದ ದಿನಕ್ಕೆ ಹೆಚ್ಚುತ್ತ ನಿದ್ದೆಯನ್ನೂ ಕೆಡಿಸುತ್ತಿದ್ದರೆ ನಿಲ್ಲಿಸುವ ಹಕ್ಕು ಹೆದರಿದವರಿಗಿದೆ, ಅದಕ್ಕೆ ಕಾರಣ ಕೇಳುವ ಅಧಿಕಾರ ಮನೆಯವರಿಗೂ ಇಲ್ಲ. ಆದುದರಿಂದ ಊರನ್ನು ಆರಿಸುವಾಗಲೇ ಕೇಬಲ್ ಕಾರಿನಲ್ಲಿ ಮೇಲೆ ಹೋಗಿ ಅದರಲ್ಲೇ ಕೆಳಗಿಳಿಯುವ ಅನುಕೂಲ, ನಡೆಯುವವರಿಗೆಂದು ಹಿಮ ಸಮಮಾಡಿದ ಹಾದಿಗಳು, ಮಧ್ಯಾಹ್ನದ ಊಟಕ್ಕೆ ಎಲ್ಲರೂ ಸೇರಬಹುದಾದ ಜಾಗ ಇವೆಯೇ ಎಂದು ವಿಚಾರಿಸಿಕೊಳ್ಳುವುದು ಮನೆಯವರ ಕರ್ತವ್ಯಕ್ಕೆ ಸೇರಿದ್ದು. ಹಾಗೆ ವಿಚಾರಿಸಿಟ್ಟ ದಾರಿಯೊಂದು ಇದೆಯೆಂದು ತಿಳಿದ ಮೇಲೆ ಮೊದಲ ದಿನ ಬೇಡವೆಂದವರಲ್ಲಿ ಕೆಲವರು ಮೂರನೆಯ ದಿನ ತಾವಾಗಿಯೇ ಬೂಟು ತೊಡುವುದುಂಟು, ಕೆಲವರು ತೊಡದೆ ಇರುವುದೂ ಉಂಟು.