ನೂರನೆಯ ಕುರಿ ಮತ್ತು ಶೇಕಡಾ ನೂರು



ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ಮರುದಿನ ನಮ್ಮ ಎಷ್ಟೋ ಶಾಲೆಗಳ ಗೇಟಿಗೆ ಒಂದು ಬ್ಯಾನರ್ ಏರುತ್ತದೆ. ಶೇಕಡಾ ನೂರು ಫಲಿತಾಂಶ! ಕೆಳಗೆ ಮಕ್ಕಳ ಭಾವಚಿತ್ರಗಳು, ಅವರವರ ಅಂಕಗಳು. ಮೇಲಿನ ಮೂಲೆಯಲ್ಲಿ ಶಾಲೆಯ ಪಾಲಕ ಸಂತರ ಚಿತ್ರ. ಭಾನುವಾರ ಬಲಿಪೂಜೆಯ ಕೊನೆಯಲ್ಲಿ ಪ್ರಕಟಣೆ ಓದುವಾಗ ಗುರುಗಳು ಅದನ್ನೂ ಸೇರಿಸಿ ಹೇಳುತ್ತಾರೆ, ನಾವು ಚಪ್ಪಾಳೆ ತಟ್ಟುತ್ತೇವೆ. ತಟ್ಟಬೇಕಾದದ್ದೇ. ಬೆಳಿಗ್ಗೆ ಏಳೂವರೆಗೆ ಬಂದು ವಿಶೇಷ ತರಗತಿ ನಡೆಸಿದ ಶಿಕ್ಷಕರು, ಸೀಮೆಎಣ್ಣೆ ದೀಪದ ಕಾಲ ಕಳೆದರೂ ಒಂದೇ ಕೋಣೆಯ ಮನೆಯಲ್ಲಿ ಟಿ.ವಿ. ಸದ್ದಿನ ನಡುವೆ ಓದಿದ ಮಕ್ಕಳು, ಇವರ ಶ್ರಮಕ್ಕೆ ಚಪ್ಪಾಳೆ ಸಣ್ಣ ಕೂಲಿ.

ಆದರೆ ಆ ಬ್ಯಾನರಿನಲ್ಲಿ ಭಾವಚಿತ್ರ ಇಲ್ಲದ ಒಬ್ಬನ ಬಗ್ಗೆ ಇಂದು ನಿಮ್ಮೊಡನೆ ಮಾತನಾಡಬೇಕೆಂದಿದ್ದೇನೆ. ಅವನು ಅನುತ್ತೀರ್ಣನಾದವನಲ್ಲ. ಅವನು ಪರೀಕ್ಷೆಗೆ ಕುಳಿತೇ ಇಲ್ಲ.

ಒಂಬತ್ತನೆಯ ತರಗತಿ ಮುಗಿಯುವ ಹೊತ್ತಿಗೆ ಅವನ ತಾಯಿಗೆ ಶಾಲೆಯಿಂದ ಕರೆ ಹೋಗಿರುತ್ತದೆ. ಮಾತು ಒರಟಾಗಿ ಇರುವುದಿಲ್ಲ. "ನೋಡಿ ಅಮ್ಮ, ಹುಡುಗ ಗಣಿತದಲ್ಲೂ ಇಂಗ್ಲಿಷಿನಲ್ಲೂ ತುಂಬ ಹಿಂದೆ ಬಿದ್ದಿದ್ದಾನೆ. ಹತ್ತನೇ ಕ್ಲಾಸು ಇಲ್ಲಿ ಅವನಿಗೆ ಕಷ್ಟವಾಗುತ್ತದೆ. ಟಿ.ಸಿ. ತೆಗೆದುಕೊಂಡು ಬೇರೆ ಕಡೆ ಸೇರಿಸಿದರೆ ಅವನಿಗೇ ಒಳ್ಳೆಯದು." ತಾಯಿ ಕೂಲಿಗೆ ಹೋಗುವವಳು. ಅರ್ಧ ದಿನದ ಕೆಲಸ ಬಿಟ್ಟು ಬಂದಿದ್ದಾಳೆ. ಸಿಸ್ಟರ್ ಹೇಳಿದ ಮೇಲೆ ಅದು ಸರಿಯೇ ಇರಬೇಕೆಂದು ನಂಬುತ್ತಾಳೆ, ತೋರಿಸಿದಲ್ಲಿ ಸಹಿ ಹಾಕುತ್ತಾಳೆ. ಕೆಲವೆಡೆ ಇನ್ನೊಂದು ದಾರಿಯೂ ಉಂಟು: ಹುಡುಗ ಅದೇ ಊರಿನಲ್ಲಿರುತ್ತಾನೆ, ಆದರೆ ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆ ಕಟ್ಟಬೇಕು. ಆಗ ಅವನ ಸೋಲು ಶಾಲೆಯ ಲೆಕ್ಕಕ್ಕೆ ಬಾರದು.

ಎಲ್ಲ ಕ್ರೈಸ್ತ ಶಾಲೆಗಳೂ ಹೀಗೆ ಮಾಡುತ್ತವೆ ಎಂದು ನಾನು ಹೇಳುತ್ತಿಲ್ಲ. ಹಿಂದುಳಿದ ಮಗುವಿಗಾಗಿ ತಮ್ಮ ನಿದ್ದೆ ಕೆಡಿಸಿಕೊಳ್ಳುವ ಶಿಕ್ಷಕರು ನಮ್ಮಲ್ಲಿ ಧಾರಾಳವಾಗಿದ್ದಾರೆ. ಆದರೂ ಇಂಥ ಮಾತುಕತೆ ಎಲ್ಲಿಯೂ ನಡೆಯುವುದೇ ಇಲ್ಲ ಎಂದು ಎದೆ ತಟ್ಟಿ ಹೇಳಬಲ್ಲವರು ಎಷ್ಟು ಮಂದಿ?

ಈಗ ಸಂತ ಲೂಕನ ಶುಭಸಂದೇಶದ 15ನೆಯ ಅಧ್ಯಾಯವನ್ನು ನೆನಪಿಸಿಕೊಳ್ಳಿ. ನೂರು ಕುರಿಗಳಲ್ಲಿ ಒಂದು ತಪ್ಪಿಹೋದಾಗ ಕುರುಬ ತೊಂಬತ್ತೊಂಬತ್ತನ್ನು ಅಡವಿಯಲ್ಲೇ ಬಿಟ್ಟು ಅದನ್ನು ಹುಡುಕಿಕೊಂಡು ಹೋಗುತ್ತಾನೆ. ನಮ್ಮ ಮಕ್ಕಳು ಇದನ್ನು ಧರ್ಮೋಪದೇಶದ ಸಣ್ಣ ತರಗತಿಯಲ್ಲೇ ಕಲಿಯುತ್ತಾರೆ, ಹೆಗಲ ಮೇಲೆ ಕುರಿಮರಿ ಹೊತ್ತ ಯೇಸುಸ್ವಾಮಿಯ ಚಿತ್ರಕ್ಕೆ ಬಣ್ಣ ತುಂಬುತ್ತಾರೆ. ವಾರ್ಷಿಕೋತ್ಸವದಲ್ಲಿ ಅದನ್ನೇ ನಾಟಕವಾಗಿ ಆಡುತ್ತಾರೆ. ಅದೇ ಶಾಲೆಯ ಕಚೇರಿಯಲ್ಲಿ ಲೆಕ್ಕ ತಿರುವುಮುರುವಾಗುತ್ತದೆ. ತಪ್ಪಿಹೋಗಬಹುದಾದ ಕುರಿಯನ್ನು ಎಣಿಕೆಗೆ ಮೊದಲೇ ಹೊರಗೆ ಕಳುಹಿಸಿ, ಉಳಿದ ತೊಂಬತ್ತೊಂಬತ್ತನ್ನು ನಿಲ್ಲಿಸಿ ಎಣಿಸಿದರೆ ಶೇಕಡಾ ನೂರು ಬಂದೇ ಬರುತ್ತದೆ.

ಈ ಶೋಧನೆ ದೊಡ್ಡ ಶಾಲೆಗಿಂತ ಸಣ್ಣ ಶಾಲೆಗೇ ಹೆಚ್ಚು. ಏಕೆಂದು ನೋಡಿ. ಪಟ್ಟಣದ ದೊಡ್ಡ ಶಾಲೆಯಲ್ಲಿ ಇನ್ನೂರು ಮಕ್ಕಳು ಪರೀಕ್ಷೆಗೆ ಕುಳಿತು ಒಬ್ಬ ಅನುತ್ತೀರ್ಣನಾದರೆ ಫಲಿತಾಂಶ 99.5. ಯಾರೂ ಗಮನಿಸುವುದಿಲ್ಲ. ನಮ್ಮ ಧರ್ಮಕೇಂದ್ರದ ಪಕ್ಕದ ಪುಟ್ಟ ಪ್ರೌಢಶಾಲೆಯಲ್ಲಿ ಇಪ್ಪತ್ತೇ ಮಕ್ಕಳು. ಒಬ್ಬ ಹೋದರೆ 95, ಮೂವರು ಹೋದರೆ 85. ಊರಿನಲ್ಲಿ ಮಾತು ಶುರುವಾಗುತ್ತದೆ, ಇಲಾಖೆಯಿಂದ ಕಾರಣ ಕೇಳಿ ಪತ್ರ ಬರುತ್ತದೆ, ಜೂನ್‌ನಲ್ಲಿ ಹೊಸ ದಾಖಲಾತಿ ಇಳಿಯುತ್ತದೆ. 2024ರಲ್ಲಿ ಪರೀಕ್ಷಾ ಕೇಂದ್ರಗಳ ಮೇಲೆ ಕ್ಯಾಮೆರಾ ಕಣ್ಗಾವಲು ಬಿಗಿಯಾದಾಗ ಇಡೀ ರಾಜ್ಯದ ಫಲಿತಾಂಶವೇ ಹಿಂದಿನ ವರ್ಷದ 83.89ರಿಂದ 73.40ಕ್ಕೆ ಕುಸಿಯಿತು. ಅಂದಿನಿಂದ ಮುಖ್ಯೋಪಾಧ್ಯಾಯರ ಮೇಲಿನ ಒತ್ತಡ ಇನ್ನೂ ಹೆಚ್ಚಿದೆ.

ಆದರೆ ಅದೇ ಸಣ್ಣತನ ನಮ್ಮ ಶಾಲೆಯ ಸಂಪತ್ತೂ ಹೌದು. ಇಲ್ಲಿ ತರಗತಿಗೆ ಒಂದೇ ವಿಭಾಗ. ಗೇಟಿನಲ್ಲಿ ನಿಲ್ಲುವ ಸಿಸ್ಟರ್‌ಗೆ ಯಾರು ತಿಂಡಿ ತಿನ್ನದೆ ಬಂದಿದ್ದಾರೆ, ಯಾರ ಮನೆಯಲ್ಲಿ ರಾತ್ರಿ ಜಗಳವಾಗಿದೆ ಎಂಬುದು ಮುಖ ನೋಡಿದರೇ ತಿಳಿಯುತ್ತದೆ. ಅಕ್ಕ ಹತ್ತರಲ್ಲಿ, ತಮ್ಮ ಆರರಲ್ಲಿ, ಇಬ್ಬರ ಅಪ್ಪನೂ ಇಲ್ಲೇ ಓದಿದವನು. ಹಾಜರಿ ಕರೆಯುವಾಗ ಶಿಕ್ಷಕರು ಪುಸ್ತಕ ನೋಡುವ ಅಗತ್ಯವಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ದೇವಾಲಯದ ಗಂಟೆ ಬಾರಿಸಿದರೆ ಎಲ್ಲರೂ ಎದ್ದು ನಿಲ್ಲುತ್ತಾರೆ. ಕಥೋಲಿಕ ಮಕ್ಕಳು ತ್ರಿಕಾಲ ಪ್ರಾರ್ಥನೆ ಹೇಳುತ್ತಾರೆ, ಇತರರು ಕೈಕಟ್ಟಿ ಮೌನವಾಗಿರುತ್ತಾರೆ. ಆಮೇಲೆ ಎಲ್ಲರೂ ಒಂದೇ ಸಾಲಿನಲ್ಲಿ ತಟ್ಟೆ ಹಿಡಿದು ಬಿಸಿಯೂಟಕ್ಕೆ ಕೂರುತ್ತಾರೆ. ಅನ್ನ ಸಾರು ತಿಂದ ಕೈಯಲ್ಲೇ ಕಬಡ್ಡಿ. ಇಂಥ ಶಾಲೆಯಲ್ಲಿ ಒಂದು ಮಗು 'ಹಿಂದೆ ಬಿದ್ದಿದೆ' ಎಂದು ಒಂಬತ್ತನೆಯ ತರಗತಿಯ ಕೊನೆಯಲ್ಲಿ ಹಠಾತ್ತನೆ ಗೊತ್ತಾಗಲು ಸಾಧ್ಯವೇ ಇಲ್ಲ. ಅದು ಐದನೆಯ ತರಗತಿಯಿಂದಲೇ ಎಲ್ಲರಿಗೂ ಗೊತ್ತಿತ್ತು.

ಜೂನ್‌ನಲ್ಲಿ ಶಾಲೆ ತೆರೆದಾಗ ಬೆಂಚಿನ ಒಂದು ಕಡೆ ಖಾಲಿ. ಪಕ್ಕದಲ್ಲಿ ಕೂರುತ್ತಿದ್ದ ಗೆಳೆಯ ಕೇಳುವುದಿಲ್ಲ, ಅವನಿಗೆ ಗೊತ್ತು. ನಮ್ಮ ಶಾಲೆಗಳಲ್ಲಿ ಓದುವವರಲ್ಲಿ ಹೆಚ್ಚಿನವರು ಕ್ರೈಸ್ತೇತರ ಮಕ್ಕಳು. ಅವರಿಗೆ ನಾವು ಧರ್ಮೋಪದೇಶ ಮಾಡುವುದಿಲ್ಲ, ಮಾಡಲೂಬಾರದು. ತಂದೆತಾಯಿಯ ಒಪ್ಪಿಗೆ ಇಲ್ಲದೆ ಧಾರ್ಮಿಕ ಬೋಧನೆಗೆ ಕೂರಿಸಬಾರದೆಂದು ಸಂವಿಧಾನದ 28ನೆಯ ವಿಧಿಯೇ ಹೇಳುತ್ತದೆ. ಅವರು ನೀತಿಪಾಠಕ್ಕೆ ಹೋಗುತ್ತಾರೆ. ಆದರೆ ಕ್ರಿಸ್ತರ ಬಗ್ಗೆ ಅವರು ಏನನ್ನೂ ಕಲಿಯುವುದಿಲ್ಲವೆಂದು ತಿಳಿಯಬೇಡಿ. ಅವರಲ್ಲಿ ಬಹಳಷ್ಟು ಮಂದಿ ಧರ್ಮಸಭೆಯನ್ನು ಹತ್ತಿರದಿಂದ ನೋಡುವುದು ಈ ಹತ್ತು ವರ್ಷಗಳಲ್ಲಿ ಮಾತ್ರ. ಗೋಡೆಯ ಮೇಲಿನ ಶಿಲುಬೆಯನ್ನೂ ನೋಡುತ್ತಾರೆ, ಖಾಲಿ ಬೆಂಚನ್ನೂ ನೋಡುತ್ತಾರೆ.

ಇಷ್ಟು ಹೇಳಿ, ಮುಖ್ಯೋಪಾಧ್ಯಾಯಿನಿಯವರ ಮಾತನ್ನು ಕೇಳದಿದ್ದರೆ ಅನ್ಯಾಯವಾದೀತು. ಅವರು ಹೀಗೆ ಹೇಳಬಹುದು: "ಫಲಿತಾಂಶ ಬಿದ್ದರೆ ಮಕ್ಕಳು ಬರುವುದಿಲ್ಲ. ಮಕ್ಕಳು ಬಾರದಿದ್ದರೆ ಶಾಲೆ ಮುಚ್ಚುತ್ತದೆ. ಆಗ ಈ ಊರಿನ ನೂರೈವತ್ತು ಬಡ ಮಕ್ಕಳು ಎಲ್ಲಿಗೆ ಹೋಗಬೇಕು? ಒಬ್ಬನಿಗಾಗಿ ಎಲ್ಲರನ್ನೂ ಕಳೆದುಕೊಳ್ಳಲೇ?" ಇದು ಸುಳ್ಳು ಭಯವಲ್ಲ. ದಾಖಲಾತಿ ಇಲ್ಲದೆ ಬೀಗ ಬಿದ್ದ ಕನ್ನಡ ಮಾಧ್ಯಮದ ಶಾಲೆಗಳನ್ನು ನೀವೂ ನೋಡಿದ್ದೀರಿ.

ಆದರೂ ಈ ವಾದವನ್ನು ನಾವು ಮೊದಲೂ ಒಮ್ಮೆ ಕೇಳಿದ್ದೇವೆ. ಸಂತ ಯೊವಾನ್ನನ ಶುಭಸಂದೇಶದ 11ನೆಯ ಅಧ್ಯಾಯದಲ್ಲಿ, ರೋಮನರು ಬಂದು ದೇವಾಲಯವನ್ನೂ ನಾಡನ್ನೂ ಹಾಳುಮಾಡಿಯಾರೆಂಬ ಭಯದಲ್ಲಿ ಸಭೆ ಸೇರುತ್ತದೆ. ಜನಾಂಗ ಉಳಿಯಬೇಕಾದರೆ ಒಬ್ಬನು ಹೋದರೂ ಚಿಂತೆಯಿಲ್ಲ ಎಂಬ ಅರ್ಥದ ಮಾತನ್ನು ಅಲ್ಲಿ ಆಡಿದವನು ಪ್ರಧಾನಯಾಜಕ ಕಾಯಫ. ಅವನ ಭಯವೂ ನಿಜವಾದದ್ದೇ. ಒಂದು ಒಳ್ಳೆಯ ಸಂಸ್ಥೆಯನ್ನು ಉಳಿಸಬೇಕೆಂಬ ಆಸೆಯೂ ನಿಜ. ನಮ್ಮ ಸಿಸ್ಟರ್ ಕಾಯಫನಲ್ಲ, ಅವರ ಮನಸ್ಸು ಎಷ್ಟು ನೋಯುತ್ತದೆಂದು ಅವರನ್ನು ಬಲ್ಲವರಿಗೆ ಗೊತ್ತು. ಆದರೆ ಲೆಕ್ಕ ಮಾತ್ರ ಅವನದೇ. ಆ ಲೆಕ್ಕದ ಫಲವಾಗಿ ಶಿಲುಬೆಗೇರಿದವರ ಹೆಸರಿನಲ್ಲಿ ನಡೆಯುವ ಶಾಲೆಗೆ ಆ ಲೆಕ್ಕ ಹೊಂದುತ್ತದೆಯೇ?

ಇನ್ನೊಂದು ಸಮಾಧಾನವೂ ಉಂಟು: "ಇದು ಮಗುವಿನ ಒಳಿತಿಗಾಗಿಯೇ." ಕೆಲವೊಮ್ಮೆ ಇದು ನಿಜವಿರಬಹುದು. ಮಗುವಿಗೆ ವಿಶೇಷ ತರಬೇತಿಯ ಶಾಲೆ ಬೇಕಾಗಿರಬಹುದು. ಹಾಗಿದ್ದರೆ ಆ ಶಾಲೆಯ ಹೆಸರು, ಅಲ್ಲಿಗೆ ಹೋಗುವ ಬಸ್ಸು, ಅಲ್ಲಿನ ಶುಲ್ಕ ಎಲ್ಲವನ್ನೂ ವಿಚಾರಿಸಿ, ಆಮೇಲಷ್ಟೇ ಟಿ.ಸಿ. ಬರೆಯಬೇಕಲ್ಲವೇ? ಅಲ್ಲದೆ ನಮ್ಮ ಉದ್ದೇಶವನ್ನು ಪರೀಕ್ಷಿಸಿಕೊಳ್ಳಲು ಒಂದು ಸುಲಭ ಉಪಾಯವಿದೆ. ಶಾಲಾವಾರು ಫಲಿತಾಂಶವನ್ನು ಯಾರೂ ಪ್ರಕಟಿಸದೇ ಇದ್ದಿದ್ದರೆ ನಾವು ಆ ತಾಯಿಗೆ ಇದೇ ಸಲಹೆ ಕೊಡುತ್ತಿದ್ದೆವೇ?

ಧರ್ಮಸಭೆಯ ಬೋಧನೆ ಈ ವಿಷಯದಲ್ಲಿ ಮಸುಕಾಗಿಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಕ್ರೈಸ್ತ ಶಿಕ್ಷಣದ ಬಗ್ಗೆ ಹೊರಡಿಸಿದ ಘೋಷಣೆಯಲ್ಲಿ ಬಡವರ, ಕುಟುಂಬದ ಆಸರೆ ಇಲ್ಲದವರ, ವಿಶ್ವಾಸದ ವರ ಇಲ್ಲದವರ ಅಗತ್ಯಗಳನ್ನು ವಿಶೇಷವಾಗಿ ಗಮನಿಸಬೇಕೆಂದು ಕೇಳಿಕೊಂಡಿತು. ಕುಟುಂಬದ ಆಸರೆ ಇಲ್ಲದವರು ಎಂದರೆ ಯಾರು? ಮನೆಯಲ್ಲಿ ಅಕ್ಷರ ಬಲ್ಲವರೇ ಇಲ್ಲದ, ಲೆಕ್ಕ ತಪ್ಪಿದರೆ ತೋರಿಸಲು ಯಾರೂ ಇಲ್ಲದ ಮಗುವೂ ಅವರಲ್ಲಿ ಒಂದಲ್ಲವೇ? 1977ರಲ್ಲಿ ರೋಮಿನ ಶಿಕ್ಷಣ ಮಂಡಳಿ ಕಥೋಲಿಕ ಶಾಲೆಯ ಬಗ್ಗೆ ಹೊರಡಿಸಿದ ದಾಖಲೆ ಇನ್ನೂ ಖಾರವಾಗಿದೆ: ನಮ್ಮ ಶಾಲೆಗಳು ಉಳ್ಳವರ ಕಡೆಗೇ ಹೆಚ್ಚು ತಿರುಗಿದರೆ ಅನ್ಯಾಯದ ಸಮಾಜಕ್ಕೇ ಆಸರೆಯಾದಂತೆ ಎಂದು ಅದು ಎಚ್ಚರಿಸುತ್ತದೆ. ನಮ್ಮಲ್ಲಿ ಬುದ್ಧಿವಂತ ಮಗು, ಟ್ಯೂಷನ್‌ಗೆ ಹೋಗುವ ಮಗು, ಉಳ್ಳವರ ಮಗು ಈ ಮೂರೂ ಬಹುಮಟ್ಟಿಗೆ ಒಂದೇ ಮಗುವಾಗಿರುತ್ತದೆ.

ಕಾನೂನಿನ ಮಾತೂ ಸ್ವಲ್ಪ ಇರಲಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಎಂಟನೆಯ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ ಎನ್ನುತ್ತದೆ. ಒಂಬತ್ತಕ್ಕೆ ಬಂದ ಮೇಲೆ ಆ ಬೇಲಿಯೂ ಇಲ್ಲ. ಅಷ್ಟೇ ಅಲ್ಲ, ಆ ಕಾಯ್ದೆ ಅಲ್ಪಸಂಖ್ಯಾತರ ಶಾಲೆಗಳಿಗೆ ಅನ್ವಯಿಸದೆಂದು 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. 2025ರ ಸೆಪ್ಟೆಂಬರಿನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠವೊಂದು ಆ ತೀರ್ಪನ್ನು ಮತ್ತೆ ನೋಡಬೇಕೆಂದು ಕಡತವನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿಟ್ಟಿತು. ಸಂವಿಧಾನದ 30ನೆಯ ವಿಧಿ ಕೊಟ್ಟ ಹಕ್ಕಿನ ಬಗ್ಗೆ ನಾವು ಆಗಾಗ ಸಭೆ ಸೇರಿ, ಠರಾವು ಮಾಡಿ, ಮನವಿ ಬರೆಯುತ್ತೇವೆ. ಬರೆಯಲೇಬೇಕು. ಆದರೆ ನಮ್ಮ ಶಾಲೆಯನ್ನು ನಮ್ಮ ಮನಸ್ಸಾಕ್ಷಿಯಂತೆ ನಡೆಸುವ ಸ್ವಾತಂತ್ರ್ಯ ಕೇಳುವವರು ಆ ಸ್ವಾತಂತ್ರ್ಯವನ್ನು ಯಾವ ಮಗುವಿಗಾಗಿ ಬಳಸುತ್ತಿದ್ದೇವೆ ಎಂದೂ ಹೇಳಬೇಕಾಗುತ್ತದೆ.

ಧರ್ಮಕೇಂದ್ರದ ಗುರುಗಳ ಪಾಲಕರಾದ ಸಂತ ಜಾನ್ ಮರಿಯ ವಿಯಾನ್ನಿಯವರ ಕಥೆ ನಿಮಗೆ ಗೊತ್ತು. ರೈತನ ಮಗ, ಕ್ರಾಂತಿಯ ಗಲಾಟೆಯಲ್ಲಿ ಸರಿಯಾಗಿ ಶಾಲೆ ಕಾಣದ ಹುಡುಗ. ಇಪ್ಪತ್ತರ ವಯಸ್ಸಿನಲ್ಲಿ ಲತೀನ್ ಕಲಿಯಲು ಕುಳಿತರು, ತಲೆಗೆ ಹತ್ತಲಿಲ್ಲ. 1813ರಲ್ಲಿ ಲಿಯೋನ್ ಗುರುಮಠಕ್ಕೆ ಸೇರಿದರು. ಕೆಲವೇ ತಿಂಗಳಲ್ಲಿ ಇವರಿಂದಾಗದೆಂದು ವಾಪಸ್ ಕಳುಹಿಸಿದರು. ಅಲ್ಲಿಗೇ ಮುಗಿದಿದ್ದರೆ ಆರ್ಸ್ ಎಂಬ ಹಳ್ಳಿಯ ಹೆಸರು ನಮಗ್ಯಾರಿಗೂ ತಿಳಿಯುತ್ತಿರಲಿಲ್ಲ. ಎಕುಲ್ಲಿಯ ಗುರುಗಳಾಗಿದ್ದ ಫಾದರ್ ಬಾಲ್ಲೆಯವರು ಅವರನ್ನು ತಮ್ಮ ಮನೆಯಲ್ಲೇ ಇರಿಸಿಕೊಂಡು, ಅರ್ಥವಾಗುವ ಭಾಷೆಯಲ್ಲಿ ಪಾಠ ಹೇಳಿ, ಅಧಿಕಾರಿಗಳ ಬಳಿ ಅವರ ಪರವಾಗಿ ಮಾತನಾಡಿದರು. 1815ರಲ್ಲಿ ಗುರುದೀಕ್ಷೆಯಾಯಿತು. ಹಿಂದುಳಿದ ಮಕ್ಕಳೆಲ್ಲ ಸಂತರಾಗುತ್ತಾರೆ ಎಂದು ಇದರ ಅರ್ಥವಲ್ಲ, ವಿಯಾನ್ನಿಯವರಿಗೆ ಲತೀನ್ ಕೊನೆಯವರೆಗೂ ಕಷ್ಟವೇ ಆಗಿತ್ತೆನ್ನುತ್ತಾರೆ. ನನಗೆ ಈ ಕಥೆಯಲ್ಲಿ ಹಿಡಿಸುವುದು ಫಾದರ್ ಬಾಲ್ಲೆ. ಅವರಿಗೂ ಧರ್ಮಕೇಂದ್ರದ ಕೆಲಸವಿತ್ತು, ಬೇರೆ ವಿದ್ಯಾರ್ಥಿಗಳಿದ್ದರು.

ಈಗ ಕೋಲನ್ನು ನಮ್ಮ ಕಡೆಗೂ ತಿರುಗಿಸೋಣ. ಆ ಬ್ಯಾನರನ್ನು ಹಾಕಿಸುವವರು ಯಾರು? ದಾಖಲಾತಿಗೆ ಹೋದಾಗ ನಾವು ಕೇಳುವ ಮೊದಲ ಪ್ರಶ್ನೆ, "ರಿಸಲ್ಟ್ ಎಷ್ಟು?" ನಮ್ಮ ಮಕ್ಕಳನ್ನು ಹಳದಿ ವ್ಯಾನು ಹತ್ತಿಸಿ ಹದಿನೈದು ಕಿಲೋಮೀಟರ್ ದೂರದ ಇಂಗ್ಲಿಷ್ ಮಾಧ್ಯಮಕ್ಕೆ ಕಳುಹಿಸುತ್ತೇವೆ. ಆಮೇಲೆ ಧರ್ಮಕೇಂದ್ರದ ಮಹಾಸಭೆಯಲ್ಲಿ ಎದ್ದು ನಿಂತು "ನಮ್ಮ ಶಾಲೆ ಏಕೆ ಸೊರಗಿದೆ?" ಎನ್ನುತ್ತೇವೆ. ಶಾಲೆಯಲ್ಲಿ ಒಬ್ಬ ಅನುತ್ತೀರ್ಣನಾದರೆ ಟೀ ಅಂಗಡಿಯ ಮುಂದೆ ಅದನ್ನು ಮೊದಲು ಆಡುವವರೂ ನಾವೇ. ಇಷ್ಟೆಲ್ಲ ಮಾಡಿ, ಬಲಹೀನ ಮಗುವನ್ನು ಕೈಬಿಡದ ಧೈರ್ಯವನ್ನು ಸಿಸ್ಟರ್ ಒಬ್ಬರಿಂದಲೇ ನಿರೀಕ್ಷಿಸುವುದು ನ್ಯಾಯವೇ?

ಮಾಡಬಹುದಾದ ಕೆಲಸಗಳು ಕಷ್ಟದವೇನಲ್ಲ. ಪ್ರತಿ ಧರ್ಮಕೇಂದ್ರದಲ್ಲೂ ನಿವೃತ್ತ ಶಿಕ್ಷಕರು ಇಬ್ಬರಾದರೂ ಇರುತ್ತಾರೆ, ಪದವಿ ಓದುತ್ತಿರುವ ಯುವಜನರಿದ್ದಾರೆ. ಸಭಾಭವನ ಸಂಜೆ ಹೊತ್ತು ಖಾಲಿ. ಜಪಸರದ ಪ್ರಾರ್ಥನೆಗೆ ಮೊದಲು ಒಂದು ಗಂಟೆ, ಎಂಟು ಒಂಬತ್ತನೆಯ ತರಗತಿಯ ನಾಲ್ಕೈದು ಮಕ್ಕಳಿಗೆ ಗಣಿತ ಹೇಳಿಕೊಟ್ಟರೆ ಸಾಕು. ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆಯವರು ಅಕ್ಕಿ ಬೇಳೆಯ ಜೊತೆಗೆ ಈ ಮಕ್ಕಳ ಸಂಜೆಯ ತಿಂಡಿಯ ಖರ್ಚನ್ನೂ ವಹಿಸಿಕೊಳ್ಳಬಹುದು. ಮಕ್ಕಳು ಕ್ರೈಸ್ತರೋ ಅಲ್ಲವೋ ಎಂದು ಆ ಗಂಟೆಯಲ್ಲಿ ಕೇಳುವ ಅಗತ್ಯವಿಲ್ಲ.

ಹಾಗೆಯೇ ಈ ಬಾರಿಯ ಪೋಷಕರ ಸಭೆಯಲ್ಲಿ "ರಿಸಲ್ಟ್ ಎಷ್ಟು?" ಎಂದು ಕೇಳುವ ಬದಲು ಬೇರೊಂದು ಲೆಕ್ಕ ಕೇಳಿ ನೋಡಿ. ಎರಡು ವರ್ಷದ ಹಿಂದೆ ಎಂಟನೆಯ ತರಗತಿಯಲ್ಲಿ ಎಷ್ಟು ಮಕ್ಕಳಿದ್ದರು? ಈ ವರ್ಷ ಪರೀಕ್ಷೆಗೆ ಕುಳಿತವರೆಷ್ಟು? ನಡುವೆ ಹೋದವರು ಯಾರು, ಈಗ ಎಲ್ಲಿದ್ದಾರೆ? ಸಿಟ್ಟಿನಿಂದ ಕೇಳಬೇಡಿ. ಸಂಖ್ಯೆ ಸರಿಹೊಂದಿದರೆ ನಿಂತು ಚಪ್ಪಾಳೆ ತಟ್ಟಿ, ಫಲಿತಾಂಶ 85 ಇದ್ದರೂ.

ಸಂಖ್ಯೆ ಕಡಿಮೆ ಬಂದರೆ ಆ ಹುಡುಗನ ಮನೆಯನ್ನು ಹುಡುಕುವುದು ಕಷ್ಟವಲ್ಲ. ಟಿ.ಸಿ. ಕೊಟ್ಟರೂ ಅವನು ನಮ್ಮ ಊರಿನಲ್ಲೇ ಇರುತ್ತಾನೆ. ಗ್ಯಾರೇಜಿನಲ್ಲೋ ಗಾರೆ ಕೆಲಸದಲ್ಲೋ ಹಗಲು ಕಳೆಯುತ್ತದೆ, ಸಂಜೆ ಏಳಕ್ಕೆ ಮನೆಗೆ ಬರುತ್ತಾನೆ. ನಮ್ಮ ರಾಜ್ಯದಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆಯನ್ನು ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಬಾರಿ ನಡೆಸುವ ವ್ಯವಸ್ಥೆ ಇದೆ. ಅವನ ಮನೆಗೆ ಹೋಗುವ ಮೊದಲು, ಖಾಸಗಿ ಅಭ್ಯರ್ಥಿಯಾಗಿ ಅರ್ಜಿ ತುಂಬಲು ಏನೇನು ಬೇಕು, ಕೊನೆಯ ದಿನ ಯಾವುದು ಎಂಬುದನ್ನು ಶಾಲೆಯ ಕಚೇರಿಯಲ್ಲಿ ವಿಚಾರಿಸಿಕೊಂಡು ಹೋಗಿ. ಅವನ ತಾಯಿ ಮೊದಲು ಕೇಳುವುದು ಅದನ್ನೇ.