ಬೇಡ ಎಂದವನ ಲೆಕ್ಕ

ಒಂದೇ ಸಿನಿಮಾವನ್ನು ಅಕ್ಕಪಕ್ಕದ ಕುರ್ಚಿಯಲ್ಲಿ ಕೂತು ನೋಡಿದವರು ಹೊರಗೆ ಬಂದು ಬೇರೆ ಬೇರೆ ಮಾತಾಡುವುದು ಹೊಸದೇನಲ್ಲ. ಹಾಡು ಹಿಡಿಸಿತು, ಹಿಡಿಸಲಿಲ್ಲ. ನಾಯಕ ಚೆನ್ನಾಗಿ ಮಾಡಿದ, ಮಾಡಲಿಲ್ಲ. ಇದು ಉಪ್ಪು ಖಾರದ ಜಗಳ, ಮನೆ ಮುಟ್ಟುವಷ್ಟರಲ್ಲಿ ಮುಗಿದಿರುತ್ತದೆ. ಆದರೆ ಕೆಲವು ಚಿತ್ರಗಳ ಬಗ್ಗೆ ಏಳುವ ಭಿನ್ನಾಭಿಪ್ರಾಯ ಅಷ್ಟು ಸುಲಭಕ್ಕೆ ಮುಗಿಯುವುದಿಲ್ಲ. ತೆರೆಯ ಮೇಲಿನ ಮನುಷ್ಯನನ್ನು ನಾವು ಯಾವ ತಕ್ಕಡಿಯಲ್ಲಿ ತೂಗುತ್ತೇವೋ ಅದೇ ತಕ್ಕಡಿಯಲ್ಲಿ ಮನೆಯವರನ್ನೂ ದಾಯಾದಿಗಳನ್ನೂ ತೂಗುತ್ತಿರುತ್ತೇವೆ. ಅದಕ್ಕೇ ಅಲ್ಲಿ ಮಾತು ಬಿಸಿಯಾಗುತ್ತದೆ. ‘ತುಂಬಾಡ್’ ಅಂಥದೊಂದು ಚಿತ್ರ.

ಇದು ಹಿಂದಿ ಚಿತ್ರ. ರಾಹಿ ಅನಿಲ್ ಬರ್ವೆ ಇದರ ನಿರ್ದೇಶಕರು, ಮುಖ್ಯ ಪಾತ್ರ ಸೋಹಮ್ ಶಾ ಅವರದು. 2018ರ ವೆನಿಸ್ ಚಿತ್ರೋತ್ಸವದಲ್ಲಿ ವಿಮರ್ಶಕರ ವಾರ ಈ ಚಿತ್ರದಿಂದಲೇ ಆರಂಭವಾಯಿತು. ಅದೇ ವರ್ಷದ ಅಕ್ಟೋಬರ್ 12ರಂದು ನಮ್ಮಲ್ಲಿ ತೆರೆಕಂಡಾಗ ಹೇಳಿಕೊಳ್ಳುವಂಥ ಗದ್ದಲವೇನೂ ಆಗಲಿಲ್ಲ. ನೋಡಿದವರು ಇನ್ನೊಬ್ಬರಿಗೆ ಹೇಳಿ ಹೇಳಿ ಅದರ ಹೆಸರು ಬೆಳೆಯಿತು. 2024ರ ಸೆಪ್ಟೆಂಬರ್ 13ರಂದು ಮತ್ತೊಮ್ಮೆ ಬಿಡುಗಡೆ ಮಾಡಿದಾಗ ಮೊದಲ ಸಲಕ್ಕಿಂತ ಹೆಚ್ಚು ದುಡ್ಡು ಮಾಡಿತು. ಪುಣೆಯ ಕನ್ನಡದವರಾದ ನಮ್ಮ ಐದಾರು ಮನೆಯವರು ಒಟ್ಟಿಗೆ ನೋಡಿದ್ದು ಆಗಲೇ.

ದೇವರು, ಶಾಪ, ನಿಧಿ ಇರುವ ಕಥೆಗೆ ‘ಎ’ ಸರ್ಟಿಫಿಕೇಟು ಯಾಕೆ ಎಂದು ಮೊದಲು ಅಚ್ಚರಿಪಟ್ಟವರಿದ್ದರು. ಕಲ್ಪನೆಯ ಕಥೆ ಅಂದರೆ ಮಕ್ಕಳದ್ದು ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿದೆ. ಆದರೆ ನಮ್ಮ ಅಜ್ಜಿಯರು ಹೇಳುತ್ತಿದ್ದ ನಿಧಿಯ ಕಥೆಗಳು ಏನು ಕಡಿಮೆ ಭಯಂಕರವಾಗಿದ್ದವೇ? ಕೊಪ್ಪರಿಗೆ ಹೊನ್ನಿನ ಮೇಲೆ ಹೆಡೆ ಎತ್ತಿದ ಸರ್ಪ, ನಿಧಿಗೆ ನರಬಲಿ ಕೊಟ್ಟವರ ವಂಶ ನಿಂತುಹೋದದ್ದು. ರಾತ್ರಿ ಊಟವಾದ ಮೇಲೆ ಇವನ್ನು ಕೇಳುತ್ತಿದ್ದವರು ದೊಡ್ಡವರೇ. ನಾವು ಮಕ್ಕಳು ಕೌದಿಯೊಳಗಿಂದ ಕದ್ದು ಕೇಳುತ್ತಿದ್ದೆವು, ಅಷ್ಟೆ.

ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ, ಇನ್ನೂ ನೋಡದವರು ಕ್ಷಮಿಸಬೇಕು. ಸಮೃದ್ಧಿಯ ದೇವಿಯೊಬ್ಬಳ ಮೊದಲ ಮಗ ಹಸ್ತರ್. ತಾಯಿಯ ಬಳಿ ಚಿನ್ನವೂ ಇದೆ, ಧಾನ್ಯವೂ ಇದೆ, ಇವನಿಗೆ ಎರಡೂ ಬೇಕು. ಚಿನ್ನ ಸಿಕ್ಕಿತು. ಧಾನ್ಯಕ್ಕೆ ಕೈ ಹಾಕಿದಾಗ ಉಳಿದ ದೇವತೆಗಳು ಮೇಲೆ ಬಿದ್ದರು. ತಾಯಿ ಅವನನ್ನು ತನ್ನ ಗರ್ಭದಲ್ಲಿ ಅಡಗಿಸಿ ಉಳಿಸಿದಳು, ಆದರೆ ಅವನನ್ನು ಯಾರೂ ಎಂದೂ ಪೂಜಿಸಬಾರದೆಂಬ ಷರತ್ತು. ಕೊಂಕಣದ ತುಂಬಾಡ್ ಎಂಬ ಊರಿನವರು ಷರತ್ತು ಮುರಿದು ಅವನಿಗೆ ಗುಡಿ ಕಟ್ಟಿದರು. ಅಂದಿನಿಂದ ಅಲ್ಲಿ ಬಿಡದೆ ಸುರಿಯುವ ಮಳೆಯೇ ಶಾಪ.

1918ರಲ್ಲಿ ಆ ಊರಿನ ಬಡ ಹೆಂಗಸೊಬ್ಬಳು ಒಂದು ಚಿನ್ನದ ನಾಣ್ಯಕ್ಕೆ ತೃಪ್ತಳಾಗಿ, ಒಬ್ಬ ಮಗನನ್ನು ಕಳೆದುಕೊಂಡ ದುಃಖದಲ್ಲಿ ಉಳಿದ ಮಗ ವಿನಾಯಕನೊಡನೆ ಪುಣೆಗೆ ಹೊರಡುತ್ತಾಳೆ. ಮತ್ತೆ ಈ ಕಡೆ ಕಾಲಿಡುವುದಿಲ್ಲ ಎಂದು ಅವನಿಂದ ಮಾತು ತೆಗೆದುಕೊಳ್ಳುತ್ತಾಳೆ. ಹದಿನೈದು ವರ್ಷದ ಮೇಲೆ ಅವನು ಬಂದೇ ಬರುತ್ತಾನೆ. ಹಾಳು ವಾಡೆಯ ಬಾವಿಯೊಳಕ್ಕೆ ಹಗ್ಗ ಹಿಡಿದು ಇಳಿಯುತ್ತಾನೆ. ಧಾನ್ಯ ಕಾಣದೆ ಹಸಿದಿರುವ ಹಸ್ತರ್‌ಗೆ ಹಿಟ್ಟಿನ ಗೊಂಬೆಯ ಆಮಿಷ ಒಡ್ಡಿ, ಅವನು ಅದನ್ನು ತಿನ್ನುವ ಹೊತ್ತಿನಲ್ಲಿ ಅವನ ಲಂಗೋಟಿಯಿಂದ ಉದುರಿದ ನಾಲ್ಕು ನಾಣ್ಯ ಬಾಚಿಕೊಂಡು ಮೇಲೆ ಹತ್ತುತ್ತಾನೆ. ಹಸ್ತರ್ ಮುಟ್ಟಿದವರಿಗೆ ಸಾವಿಲ್ಲ, ಕೊಳೆಯುತ್ತ ಬದುಕಬೇಕು. 1947ರ ಹೊತ್ತಿಗೆ ವಿನಾಯಕ ತನ್ನ ಮಗ ಪಾಂಡುರಂಗನನ್ನೂ ಈ ಕಸುಬಿಗೆ ತಯಾರು ಮಾಡಿದ್ದಾನೆ. ಹುಡುಗ ಅಪ್ಪನಿಗಿಂತ ಒಂದು ಹೆಜ್ಜೆ ಮುಂದೆ. ಬಹಳಷ್ಟು ಗೊಂಬೆ ಒಯ್ದು ಲಂಗೋಟಿಯನ್ನೇ ಎಗರಿಸೋಣ ಅನ್ನುತ್ತಾನೆ. ಗೊಂಬೆಗೊಬ್ಬನಂತೆ ಹಸ್ತರ್‌ಗಳು ಇಳಿಯುತ್ತಾರೆ. ಮಗನನ್ನು ಉಳಿಸಲು ಅಪ್ಪ ಗೊಂಬೆಗಳನ್ನೆಲ್ಲ ಮೈಗೆ ಕಟ್ಟಿಕೊಳ್ಳುತ್ತಾನೆ. ಕೊನೆಗೆ ವಿಕಾರ ರೂಪದಲ್ಲಿ ಹೊರಬಂದು ಆ ಲಂಗೋಟಿಯನ್ನು ಮಗನ ಕಡೆ ಚಾಚುತ್ತಾನೆ. ಪಾಂಡುರಂಗ ತೆಗೆದುಕೊಳ್ಳುವುದಿಲ್ಲ. ಅಪ್ಪನನ್ನು ಮಲಗಿಸಿ, ಸುಟ್ಟು, ಹೊರಡುತ್ತಾನೆ.

ನಮ್ಮ ಗುಂಪಿನಲ್ಲಿ ಮೊದಲ ಪ್ರತಿಕ್ರಿಯೆ ಹುಬ್ಬಳ್ಳಿ ಕಡೆಯ ನಿವೃತ್ತ ರೈಲ್ವೆ ನೌಕರರದ್ದು. “ಏನ್ ಹೊಲಸ್ ಪಿಚ್ಚರ್ರೀ ಇದು! ಊಟ ಸೇರಂಗಿಲ್ಲ ಇವತ್ತ” ಅಂದರು. ಪುರಾಣದಲ್ಲಿಲ್ಲದ ದೇವರನ್ನು ಹುಟ್ಟಿಸಿ ಅವನಿಗೆ ಲಂಗೋಟಿ ತೊಡಿಸಿದ್ದು ಅವರಿಗೆ ಸರಿಬರಲಿಲ್ಲ. ನಮ್ಮ ಜೊತೆಗೆ ಬಂದಿದ್ದ ಮರಾಠಿ ಮಿತ್ರರಿಗೆ ಬೇರೆಯೇ ನಿರಾಸೆ. ಶ್ರೀ. ನಾ. ಪೇಂಡಸೆಯವರ ‘ತುಂಬಾಡಚೇ ಖೋತ್’ ಕಾದಂಬರಿ ಓದಿದ್ದ ಅವರು ಅದೇ ಕಥೆ ಇರಬಹುದೆಂದು ಬಂದಿದ್ದರು. ಊರಿನ ಹೆಸರೊಂದನ್ನು ಬಿಟ್ಟರೆ ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಉಡುಪಿ ಕಡೆಯಿಂದ ಹದಿಹರೆಯದಲ್ಲಿ ಬಂದು ಹೋಟೆಲು ಕಟ್ಟಿದ ಮಿತ್ರರೊಬ್ಬರು ವಿನಾಯಕನ ಪರ ನಿಂತರು. “ದುರಾಸೆ ದುರಾಸೆ ಅಂತ ಎಲ್ಲರೂ ಹೇಳ್ತೀರಿ. ಅವನು ಚಿಕ್ಕಂದಿನಲ್ಲಿ ಏನು ಕಂಡಿದ್ದ ಅಂತ ನೋಡಿದಿರಾ ಮಾರಾಯ್ರೆ? ಪ್ರತಿ ಸಲ ಜೀವ ಕೈಯಲ್ಲಿ ಹಿಡಿದು ಇಳಿದಿದ್ದಾನೆ. ತರುವುದು ನಾಲ್ಕೇ ಪಾವಲಿ. ಆಸೆ ಇಲ್ಲದಿದ್ದರೆ ನಾನು ಇವತ್ತಿಗೂ ಗ್ಲಾಸು ತೊಳೀತಿದ್ದೆ.” ಈ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ಅಗತ್ಯ ಎಲ್ಲಿ ಮುಗಿದು ದುರಾಸೆ ಎಲ್ಲಿ ಶುರುವಾಗುತ್ತದೆ ಎಂಬ ಗೆರೆಯನ್ನು ಹೊಟ್ಟೆ ತುಂಬಿದವನು ಒಂದು ಕಡೆ ಎಳೆಯುತ್ತಾನೆ, ಹಸಿವು ಕಂಡವನು ಇನ್ನೊಂದು ಕಡೆ. ಬ್ಯಾಂಕಿನಲ್ಲಿ ಬಂಗಾರ ಅಡವಿಡಲು ಬಂದವರ ಮುಖ ಮೂವತ್ತೈದು ವರ್ಷ ನೋಡಿದ ನನಗೆ, ಆ ಗೆರೆ ಎಲ್ಲರಿಗೂ ಒಂದೇ ಜಾಗದಲ್ಲಿಲ್ಲ ಎಂಬುದು ಗೊತ್ತು. ಆದರೂ ಚಿತ್ರದಲ್ಲಿ ಒಂದು ಅಳತೆಗೋಲು ಇದೆ. ಅದೇ ಬಡತನದಲ್ಲಿದ್ದ ತಾಯಿಗೆ ಒಂದು ನಾಣ್ಯ ಸಾಕಾಯಿತು.

ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ಶಿವಮೊಗ್ಗದ ಹುಡುಗಿಯ ಕಣ್ಣು ಬಿದ್ದದ್ದು ಮತ್ತೆಲ್ಲೋ. “ಅಂಕಲ್, ನಂಗೆ ಹಸ್ತರ್ ಭಯ ಆಗ್ಲಿಲ್ಲ. ಅಜ್ಜಿ ಭಯ ಆಯ್ತು” ಅಂದಳು. ಆ ಮನೆಯಲ್ಲಿ ಹಸ್ತರ್ ಮುಟ್ಟಿದ ಮುದುಕಿಯೊಬ್ಬಳನ್ನು ಸರಪಳಿಯಲ್ಲಿ ಕಟ್ಟಿ ಹಾಕಿರುತ್ತಾರೆ. ಹೊತ್ತಿಗೆ ತುತ್ತು ಹಾಕುತ್ತಾರೆ. ಎದ್ದರೆ, ಮಲಗು, ಇಲ್ಲವಾದರೆ ಹಸ್ತರ್ ಬರುತ್ತಾನೆ ಎಂದು ಹೆದರಿಸಿ ಮಲಗಿಸುತ್ತಾರೆ. ತಾಯಿ ಮಗ ಪುಣೆಗೆ ಹೊರಟಾಗ ಮುದುಕಿ ಅಲ್ಲೇ ಉಳಿಯುತ್ತಾಳೆ. ವಿನಾಯಕ ಮರಳುವ ಹೊತ್ತಿಗೆ ಅವಳ ಮೈಮೇಲೆ ಮರ ಬೆಳೆದಿದೆ. ಊರು ಬಿಟ್ಟು ಪುಣೆಯಲ್ಲಿ ಮನೆ ಮಾಡಿದವನೊಬ್ಬ ಊರಿಗೆ ಹೋಗುವುದು ಏನನ್ನಾದರೂ ತರುವುದಕ್ಕೆ ಮಾತ್ರ, ಅಲ್ಲಿ ಉಳಿದವರನ್ನು ಕಾಣುವುದಕ್ಕಲ್ಲ. ಆ ಹುಡುಗಿ ಹೇಳಿದ್ದು ಇದನ್ನೇ. ಹೊರನಾಡಿನಲ್ಲಿರುವ ನಾವು ಯಾರೂ ಅದಕ್ಕೆ ತಕ್ಷಣ ಉತ್ತರ ಕೊಡಲಿಲ್ಲ. ಊರಿಂದ ಅಕ್ಕಿ ಬರುತ್ತದೆ, ಉಪ್ಪಿನಕಾಯಿ ಬರುತ್ತದೆ, ಗದ್ದೆಯ ಪಾಲು ಬರುತ್ತದೆ. ನಮ್ಮಿಂದ ಹೋಗುವುದು ಏನು ಎಂಬ ಲೆಕ್ಕ ತೆಗೆದರೆ ಖಾತೆಯ ಆ ಬದಿ ಸಣ್ಣದೇ.

ಆದರೆ ನಿಜವಾದ ಜಗಳ ಎದ್ದದ್ದು ಕೊನೆಯ ದೃಶ್ಯದ ಮೇಲೆ. ಪಾಂಡುರಂಗ ಬೇಡ ಅಂದದ್ದು ಒಳ್ಳೆಯತನಕ್ಕೋ, ಭಯಕ್ಕೋ? ಲಂಗೋಟಿ ಕದಿಯುವ ಉಪಾಯ ಕೊಟ್ಟವನೇ ಅವನು. ಕಣ್ಣೆದುರು ಅಪ್ಪ ಪಿಶಾಚಿಯಾದದ್ದನ್ನು ಕಂಡ ಮೇಲೆ ಯಾರು ತಾನೆ ಕೈ ಚಾಚುತ್ತಾರೆ? ಇದರಲ್ಲಿ ಯಾವ ದೊಡ್ಡಸ್ತಿಕೆ ಎಂದು ಅರ್ಧ ಜನ. ಚಾಚಿದ್ದನ್ನು ಬಿಟ್ಟನಲ್ಲ, ಅದೇ ಸಾಕು ಎಂದು ಉಳಿದರ್ಧ.

ರೈಲ್ವೆಯವರ ಮನೆಯಾಕೆ ಅಷ್ಟು ಹೊತ್ತು ಸುಮ್ಮನಿದ್ದವರು ಬಾಯಿಬಿಟ್ಟರು. “ಇವ್ರೂ ಹಂಗ ಬ್ಯಾಡಂದ್ರು. ಗದಗಿನ ಹತ್ರ ಮನಿ, ಹೊಲ, ಎಲ್ಲಾದಕ್ಕೂ ತಮ್ಮನ ಹೆಸರಿಗೆ ಸಹಿ ಮಾಡಿ ಬಂದ್ರು. ಮಂದಿ ಎಷ್ಟ್ ದೊಡ್ಡ ಮನಸು ಅಂತಾರ. ದೊಡ್ಡ ಮನಸೂ ಇಲ್ಲ ಏನೂ ಇಲ್ಲ, ಕೋರ್ಟಿನ ಅಂಜಿಕಿ.” ಅವರು ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟದ್ದು ನಮಗೆಲ್ಲ ಗೊತ್ತಿತ್ತು. ಕಾರಣ ಗೊತ್ತಿರಲಿಲ್ಲ. ಅವರು ಇಲ್ಲ ಅನ್ನಲಿಲ್ಲ, ಹೌದು ಅನ್ನಲೂ ಇಲ್ಲ. “ಪುಣೇದಿಂದ ತಾರೀಖಿಗೊಮ್ಮೆ ಓಡಾಡೋದು ಯಾರಿಂದ ಆಗ್ತದ” ಎಂದಷ್ಟೇ ಹೇಳಿದರು.

ನಾನು ಆಮೇಲೆ ಬಹಳ ದಿನ ಯೋಚಿಸಿದ್ದು ಈ ಪ್ರಶ್ನೆಯನ್ನು. ಅಂಜಿಕೆಯಿಂದ ಬಿಟ್ಟದ್ದು ಬಿಟ್ಟ ಲೆಕ್ಕಕ್ಕೆ ಬರುತ್ತದೋ ಇಲ್ಲವೋ?

ಕನ್ನಡ ಓದಿದವರಿಗೆ ಹಿಟ್ಟಿನ ಗೊಂಬೆ ಕಂಡ ಕೂಡಲೇ ಇನ್ನೊಂದು ಹಿಟ್ಟಿನ ಬೊಂಬೆ ನೆನಪಾಗಬೇಕು. 1209ರಲ್ಲಿ ಜನ್ನ ಬರೆದ ‘ಯಶೋಧರ ಚರಿತೆ’ಯಲ್ಲಿ ತಾಯಿ ಬಲಿ ಕೊಡು ಅನ್ನುತ್ತಾಳೆ. ಜೀವಹಿಂಸೆಗೆ ಒಪ್ಪದ ಮಗ ಯಶೋಧರ, ಹಿಟ್ಟಿನ ಕೋಳಿ ಮಾಡಿಸಿ ಕಡಿಯುತ್ತಾನೆ. ಕಡಿದಾಗ ಅದು ಕೂಗುತ್ತದೆ. ಕೊಂದದ್ದು ಹಿಟ್ಟನ್ನಾದರೂ ಕೊಲ್ಲುವ ಸಂಕಲ್ಪ ನಿಜವಾಗಿತ್ತು. ತಾಯಿ ಮಗ ಇಬ್ಬರೂ ಪ್ರಾಣಿಗಳಾಗಿ ಜನ್ಮ ಜನ್ಮ ಅಲೆಯುತ್ತಾರೆ. ಗಿರೀಶ ಕಾರ್ನಾಡರು ಇದನ್ನೇ ‘ಹಿಟ್ಟಿನ ಹುಂಜ’ ನಾಟಕ ಮಾಡಿದರು. ಜನ್ನನ ಪ್ರಕಾರ ಕೈ ಏನು ಮಾಡಿತು ಎಂಬುದರ ಮೇಲೆ ಲೆಕ್ಕ ಮುಗಿಯುವುದಿಲ್ಲ, ಮನಸ್ಸು ಏನು ಮಾಡಿತು ಎಂದೂ ಕೇಳಬೇಕು. ಹಾಗಾದರೆ ಪಾಂಡುರಂಗ ಸೋತ. ಗೆಳೆಯರ ಸಹಿಯೂ ಸೋತಂತೆ. ಉದ್ದೇಶ ಶುದ್ಧವಾಗಿರಲಿಲ್ಲವಲ್ಲ.

ಆದರೆ ನನಗೆ ಹಾಗನ್ನಿಸುವುದಿಲ್ಲ. ನಮ್ಮ ಕಸುಬಿನಲ್ಲೊಂದು ಪದ್ಧತಿ ಇದೆ. ಸಾಲ ಕೇಳಲು ಬಂದವನಿಗೆ ಮೊದಲು ಕೇಳುವ ಪ್ರಶ್ನೆ, ಯಾತಕ್ಕೆ? ಫಾರಮ್ಮಿನಲ್ಲಿ ಅದಕ್ಕೊಂದು ಕಾಲಂ ಇರುತ್ತದೆ. ಎಮ್ಮೆ ಕೊಳ್ಳಲೆಂದು ಸಾಲ ತೆಗೆದವನು ಮದುವೆಗೆ ಖರ್ಚು ಮಾಡಿದರೆ ಅದನ್ನು ತಪ್ಪು ಎನ್ನುತ್ತೇವೆ. ಆದರೆ ಸಾಲ ತೀರಿಸಲು ಬಂದವನಿಗೆ, ನೀನು ಪ್ರಾಮಾಣಿಕತೆಯಿಂದ ತೀರಿಸುತ್ತಿದ್ದೀಯೋ, ನೋಟೀಸಿಗೆ ಹೆದರಿ ತೀರಿಸುತ್ತಿದ್ದೀಯೋ ಎಂದು ಯಾವ ಮ್ಯಾನೇಜರನೂ ಕೇಳುವುದಿಲ್ಲ. ಇಬ್ಬರಿಗೂ ಒಂದೇ ರಸೀತಿ. ಇಬ್ಬರ ಬಂಗಾರವೂ ವಾಪಸು. ಇದು ಬರೀ ಆಫೀಸಿನ ಅನುಕೂಲಕ್ಕೆ ಮಾಡಿದ ನಿಯಮ ಅನ್ನಬಹುದು. ನನಗೆ ಅದರಲ್ಲಿ ಒಂದು ನೀತಿಯೂ ಕಾಣುತ್ತದೆ. ತೆಗೆದುಕೊಳ್ಳುವವನ ಉದ್ದೇಶವನ್ನು ವಿಚಾರಿಸುವುದು ನ್ಯಾಯ, ಏಕೆಂದರೆ ಅವನು ತೆಗೆದದ್ದು ಇನ್ನೊಬ್ಬರಿಗೆ ಕಡಿಮೆಯಾಗುತ್ತದೆ. ಬಿಟ್ಟವನಿಂದ ಯಾರಿಗೂ ಏನೂ ಕಡಿಮೆಯಾಗಲಿಲ್ಲ. ಅವನ ಮನಸ್ಸನ್ನು ಕೆದಕಿ, ಶುದ್ಧವಾಗಿ ಬಿಡಲಿಲ್ಲ ನೀನು ಅನ್ನುವ ಹಕ್ಕು ನಮಗೆ ಎಲ್ಲಿಂದ ಬಂತು?

ಜನ್ನ ಇದಕ್ಕೆ ವಿರುದ್ಧವಾಗಿ ನಿಲ್ಲುವುದಿಲ್ಲ. ಯಶೋಧರ ಬೇಡ ಅಂದವನಲ್ಲ, ಅಡ್ಡದಾರಿ ಹುಡುಕಿದವನು. ಬಲಿಯೂ ಆಗಬೇಕು, ಪಾಪವೂ ತಟ್ಟಬಾರದು. ವಿನಾಯಕನ ಹಿಟ್ಟಿನ ಗೊಂಬೆಯೂ ಅಂಥದೇ. ಚಿನ್ನವೂ ಬೇಕು, ತೆರಬೇಕಾದ ಬೆಲೆ ಒಂದು ಹಿಡಿ ಹಿಟ್ಟಿನಲ್ಲಿ ಮುಗಿಯಬೇಕು. ಇಬ್ಬರೂ ಪಡೆಯಲು ಹೊರಟವರು. ಅವರ ಮನಸ್ಸಿನ ಲೆಕ್ಕ ಕೇಳಲೇಬೇಕು. ಪಾಂಡುರಂಗನ ಪ್ರಕರಣ ಬೇರೆ.

ಪುಣೆಯಲ್ಲಿ ಕೂತು ಹೇಳುವಾಗ ಇನ್ನೊಬ್ಬರೂ ನೆನಪಾಗುತ್ತಾರೆ. ಇಲ್ಲಿಂದ ಹತ್ತಿರದ ಪುರಂದರಗಡದವರೆಂದು ಹಲವರು ನಂಬುವ, ತೀರ್ಥಹಳ್ಳಿ ಕಡೆಯ ಆರಗದವರೆಂದು ಮತ್ತೆ ಕೆಲವರು ವಾದಿಸುವ ಪುರಂದರದಾಸರು. ಬಡ್ಡಿ ವ್ಯಾಪಾರದ ಶ್ರೀನಿವಾಸ ನಾಯಕ ನವಕೋಟಿ ನಾರಾಯಣ ಎನಿಸಿಕೊಂಡಿದ್ದವರು. ಹೆಂಡತಿ ದಾನ ಕೊಟ್ಟ ಮೂಗುತಿ ತಮ್ಮ ಅಂಗಡಿಗೇ ಬಂದು, ಮತ್ತೆ ಮನೆಯಲ್ಲೂ ಕಾಣಿಸಿಕೊಂಡಾಗ ದಿಗಿಲುಬಿದ್ದು ಎಲ್ಲವನ್ನೂ ಬಿಟ್ಟರೆಂದು ಐತಿಹ್ಯ. ಆ ದಿಗಿಲಿನಲ್ಲಿ ಭಯ ಎಷ್ಟು, ಭಕ್ತಿ ಎಷ್ಟು ಎಂದು ಐನೂರು ವರ್ಷಗಳಲ್ಲಿ ಯಾರಾದರೂ ತೂಗಿದ್ದಾರೆಯೇ? ಬಿಟ್ಟ ಮೇಲೆ ಹೇಗೆ ಬದುಕಿದರು ಎಂಬುದನ್ನು ಮಾತ್ರ ನೋಡಿದ್ದೇವೆ. ಬಿಟ್ಟವನ ಮನಸ್ಸು ಬಹುಶಃ ಬಿಟ್ಟ ಕ್ಷಣದಲ್ಲಿ ತೀರ್ಮಾನವಾಗುವುದೂ ಇಲ್ಲ. ಮೊದಲು ಕೈ ಬಿಡುತ್ತದೆ, ಮನಸ್ಸು ನಿಧಾನವಾಗಿ ಅದರ ಹಿಂದೆ ಬರುತ್ತದೆ. ಎಷ್ಟೋ ವೇಳೆ ಬರುವುದೂ ಇಲ್ಲ.

ಹಾಗೆಂದು ರೈಲ್ವೆಯವರ ಮನೆಯಾಕೆಯ ಮಾತು ಪೂರ್ತಿ ತಪ್ಪೆನ್ನಲಾರೆ. ಆ ಹೊಲದಲ್ಲಿ ಅವರ ಮಕ್ಕಳ ಪಾಲೂ ಇತ್ತು. ಬಿಡುವಾಗ ಗಂಡ ಅವರನ್ನು ಕೇಳಿರಲಿಲ್ಲ. ಬೇಡ ಅನ್ನುವವನು ತನ್ನ ಪಾಲಿಗಷ್ಟೇ ಬೇಡ ಅನ್ನಬಹುದು. ಇನ್ನೊಬ್ಬರ ಪಾಲು ಬಿಟ್ಟು ತ್ಯಾಗಿ ಎನಿಸಿಕೊಳ್ಳುವುದು ಬೇರೊಂದು ಬಗೆಯ ಪಡೆಯುವಿಕೆ. ಆದ್ದರಿಂದ ಅವರಿಗೆ ಸಿಟ್ಟು ಬರಲು ಕಾರಣವಿದೆ. ಅಂಜಿಕೆಯನ್ನು ಮಾತ್ರ ಅದಕ್ಕೆ ಸಾಕ್ಷಿಯಾಗಿ ತರಬೇಕಾಗಿರಲಿಲ್ಲ.

‘ತುಂಬಾಡ್’ ನೋಡಿದವರು ಒಂದೇ ಮಾತಿಗೆ ಬರಬೇಕೆಂದು ನಾನು ಬಯಸುವುದಿಲ್ಲ. ಹೋಟೆಲಿನವರಿಗೆ ಹಸಿವು ಕಂಡಿತು, ಹುಡುಗಿಗೆ ಅಜ್ಜಿ ಕಂಡಳು, ನನಗೆ ರಸೀತಿ ಕಂಡಿತು. ಅವರವರು ದಾಟಿಬಂದ ದಾರಿಯೇ ಅವರಿಗೆ ಕಾಣುತ್ತದೆ. ಪಾಂಡುರಂಗನ ಮನಸ್ಸಿನಲ್ಲಿ ಏನಿತ್ತೆಂದು ಚಿತ್ರ ಮಾಡಿದವರು ಹೇಳಿಲ್ಲ. ಹುಡುಗ ಮಾತಾಡುವುದಿಲ್ಲ, ಮಳೆ ಸುರಿಯುತ್ತಿರುತ್ತದೆ, ಅವನು ಬರಿಗೈಯಲ್ಲಿ ನಡೆದು ಹೋಗುತ್ತಾನೆ. ಮುಂದೆ ಪುಣೆಯಲ್ಲಿ ಅವನು ಏನು ಮಾಡಿ ಹೊಟ್ಟೆ ಹೊರೆದನೋ ತಿಳಿಯದು. ದುಡಿದೇ ತಿಂದಿರಬೇಕು, ಬೇರೆ ದಾರಿ ಉಳಿದಿರಲಿಲ್ಲವಲ್ಲ.