ಬೆಲೆ ಕಟ್ಟುವವನೂ ಒಬ್ಬ ಸಾಕ್ಷಿ



ಪವಿತ್ರ ಕುರ್‌ಆನಿನ 83ನೆಯ ಅಧ್ಯಾಯವು ಅಳತೆ ತೂಕಗಳಲ್ಲಿ ವಂಚಿಸುವವರಿಗೆ ನೀಡಲಾದ ಎಚ್ಚರಿಕೆಯಿಂದಲೇ ಆರಂಭವಾಗುತ್ತದೆ. ತಮಗೆ ಬರಬೇಕಾದುದನ್ನು ಪೂರ್ತಿಯಾಗಿ ಪಡೆದು, ಇತರರಿಗೆ ಕೊಡುವಾಗ ಕಡಿತ ಮಾಡುವ ಜನರ ಕುರಿತಾದ ಎಚ್ಚರಿಕೆ ಅದು. ಹಝ್ರತ್ ಶುಐಬ್(ಅ)ರವರು ಮದ್‌ಯನ್ ಜನತೆಗೆ ಏಕದೇವತ್ವದ ಕರೆಯ ಜೊತೆಗೇ ನೀಡಿದ ಉಪದೇಶವೂ ಇದೇ ಆಗಿತ್ತು.

ಈ ವಚನಗಳನ್ನು ಓದುವಾಗ ನಮ್ಮ ಕಣ್ಣ ಮುಂದೆ ಬರುವುದು ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನ ತಕ್ಕಡಿ. ಆದರೆ ಕಣ್ಣಿಗೆ ಕಾಣದ ಇನ್ನೊಂದು ತಕ್ಕಡಿಯಿದೆ. ಮನೆ, ನಿವೇಶನ, ಅಂಗಡಿಗಳಿಗೆ ಬೆಲೆ ಕಟ್ಟುವ ಆಸ್ತಿ ಮೌಲ್ಯಮಾಪಕನ ವರದಿಯೇ ಆ ತಕ್ಕಡಿ. ಆಡುಮಾತಿನಲ್ಲಿ ನಾವು ಆತನನ್ನು ವ್ಯಾಲ್ಯುಯರ್ ಎನ್ನುತ್ತೇವೆ. ಮಾಂಸದಲ್ಲಿ ಐವತ್ತು ಗ್ರಾಂ ಕಡಿಮೆಯಾದರೆ ಗೃಹಿಣಿ ಮನೆಗೆ ಬಂದು ತೂಗಿ ನೋಡಬಲ್ಲಳು. ವರದಿಯಲ್ಲಿ ಹತ್ತು ಲಕ್ಷ ಕಡಿಮೆಯಾದರೆ ಅದನ್ನು ತೂಗಿ ನೋಡಲು ಆಕೆಯ ಬಳಿ ಏನಿದೆ?

ಒಂದು ಉದಾಹರಣೆಯನ್ನು ತೆಗೆದುಕೊಳ್ಳಿ. ಹಲಸೂರಿನಲ್ಲೋ ಶಿವಾಜಿನಗರದಲ್ಲೋ ಒಂದು ಹಳೆಯ ಮನೆ. ತಂದೆ ತಾಯಿ ಇಬ್ಬರೂ ತೀರಿಕೊಂಡಿದ್ದಾರೆ. ವಾರಸುದಾರರು ಇಬ್ಬರು ಗಂಡುಮಕ್ಕಳು ಮತ್ತು ಒಬ್ಬ ಮಗಳು. ಶರೀಅತ್ತಿನ ಪ್ರಕಾರ ಐದು ಪಾಲು ಮಾಡಿದರೆ ಮಗಳಿಗೆ ಒಂದು ಪಾಲು. ಸಹೋದರರು ಮನೆಯನ್ನು ತಾವೇ ಇಟ್ಟುಕೊಂಡು ತಂಗಿಗೆ ಹಣ ಕೊಡಲು ಒಪ್ಪುತ್ತಾರೆ. ಮನೆಗೆ ಮಾರುಕಟ್ಟೆಯಲ್ಲಿ ಒಂದು ಕೋಟಿ ರೂಪಾಯಿ ಬೆಲೆಯಿದೆ. ಹಾಗಾದರೆ ಆಕೆಗೆ ಸಲ್ಲಬೇಕಾದುದು 20 ಲಕ್ಷ. ಆದರೆ ವ್ಯಾಲ್ಯುಯರ್ 60 ಲಕ್ಷ ಎಂದು ಬರೆದುಕೊಡುತ್ತಾನೆ. ಸರಕಾರದ ಮಾರ್ಗಸೂಚಿ ದರ ಅಷ್ಟೇ ಇದೆ ಎಂಬುದು ಅವನ ಸಮರ್ಥನೆ. ತಂಗಿಯ ಕೈಗೆ ಬರುವುದು 12 ಲಕ್ಷ. ಪಾಲು ಹಂಚಿದವರು ಶರೀಅತ್ತಿನ ಲೆಕ್ಕವನ್ನು ಚಾಚೂ ತಪ್ಪದೆ ಪಾಲಿಸಿದ್ದಾರೆ. ಆದರೂ ಎಂಟು ಲಕ್ಷ ರೂಪಾಯಿ ಮಾಯವಾಗಿದೆ! ಮಾರ್ಗಸೂಚಿ ದರವೆಂಬುದು ಮುದ್ರಾಂಕ ಶುಲ್ಕ ವಸೂಲಿಗಾಗಿ ಸರಕಾರ ನಿಗದಿಪಡಿಸಿದ ಕನಿಷ್ಠ ಮಟ್ಟ. ಅದು ಮಾರುಕಟ್ಟೆಯ ಬೆಲೆಯಲ್ಲ. ಇದನ್ನು ಅರಿಯದ ವ್ಯಾಲ್ಯುಯರ್ ಯಾರೂ ಇಲ್ಲ.

ಸಂಪತ್ತು ಅಲ್ಪವಿರಲಿ ಅಧಿಕವಿರಲಿ, ಅದರಲ್ಲಿ ಸ್ತ್ರೀಗೂ ನಿಶ್ಚಿತ ಪಾಲಿದೆಯೆಂದು ಅಲ್ಲಾಹನು ಸ್ಪಷ್ಟಪಡಿಸಿದ್ದಾನೆ. ಆ ಪಾಲನ್ನು ಬಹಿರಂಗವಾಗಿ ನಿರಾಕರಿಸುವ ಧೈರ್ಯ ನಮ್ಮಲ್ಲಿ ಅನೇಕರಿಗಿಲ್ಲ. ಆದರೆ ಒಂದು ವರದಿಯ ಮರೆಯಲ್ಲಿ ಅದನ್ನು ಕುಗ್ಗಿಸಲು ಹಿಂಜರಿಯುವುದಿಲ್ಲ. ಅಲ್ಲಾಹನ ಮುಂದೆ ಈ ಎರಡರ ನಡುವೆ ಏನು ವ್ಯತ್ಯಾಸ?

ಈ ವೃತ್ತಿ ಇಸ್ಲಾಮಿಗೆ ಹೊಸತಲ್ಲ. ಹಿಜರಿ 7ರಲ್ಲಿ ಖೈಬರ್ ಜಯಿಸಲ್ಪಟ್ಟಾಗ, ಇಳುವರಿಯ ಅರ್ಧಪಾಲಿನ ಷರತ್ತಿನ ಮೇಲೆ ಅಲ್ಲಿನ ಯಹೂದಿಯರಿಗೇ ತೋಟಗಳನ್ನು ಬಿಟ್ಟುಕೊಡಲಾಯಿತು. ಮರದಲ್ಲಿರುವ ಖರ್ಜೂರವನ್ನು ಅಂದಾಜು ಮಾಡಲು ಪ್ರವಾದಿ(ಸ)ರವರು ಹಝ್ರತ್ ಅಬ್ದುಲ್ಲಾ ಬಿನ್ ರವಾಹ(ರ)ರನ್ನು ಕಳುಹಿಸುತ್ತಿದ್ದರು. ಅಲ್ಲಿನವರು ತಮ್ಮ ಸ್ತ್ರೀಯರ ಆಭರಣಗಳನ್ನು ಒಟ್ಟುಗೂಡಿಸಿ ಅವರ ಮುಂದಿಟ್ಟು, ಅಂದಾಜನ್ನು ತುಸು ಕಡಿಮೆ ಮಾಡುವಂತೆ ಕೇಳಿಕೊಂಡರು. ಇದು ಲಂಚ, ಇದು ನಮಗೆ ನಿಷಿದ್ಧ ಎಂದು ಅವರು ನಿರಾಕರಿಸಿದರು. ಅಷ್ಟೇ ಅಲ್ಲ, ಆ ಜನರ ಮೇಲೆ ತನಗಿರುವ ಕೋಪವು ಅವರಿಗೆ ಅನ್ಯಾಯ ಮಾಡಲು ತನ್ನನ್ನು ಪ್ರೇರೇಪಿಸದು ಎಂದೂ ಹೇಳಿದರು. ಇಂತಹ ನ್ಯಾಯದಿಂದಲೇ ಭೂಮಿ ಆಕಾಶಗಳು ನಿಂತಿವೆಯೆಂದು ಆ ಜನರೇ ಒಪ್ಪಿಕೊಂಡರೆಂದು ವರದಿಯಾಗಿದೆ.

ಈ ಘಟನೆಯ ಇನ್ನೊಂದು ಅಂಶವನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಅಂದಾಜು ಮುಗಿಸಿದ ಬಳಿಕ ಅವರು ಎದುರಿನವರಿಗೆ ಆಯ್ಕೆ ನೀಡುತ್ತಿದ್ದರು. ಈ ಅಂದಾಜಿನಂತೆ ಫಸಲನ್ನು ನೀವಿಟ್ಟುಕೊಂಡು ನಮ್ಮ ಅರ್ಧ ಕೊಡಿ, ಇಲ್ಲವೇ ನಾವಿಟ್ಟುಕೊಂಡು ನಿಮ್ಮ ಅರ್ಧ ಕೊಡುತ್ತೇವೆ ಎನ್ನುತ್ತಿದ್ದರು. ಬೆಲೆ ಕಟ್ಟುವವನ ಪ್ರಾಮಾಣಿಕತೆಗೆ ಇದಕ್ಕಿಂತ ಉತ್ತಮ ಒರೆಗಲ್ಲು ಬೇರೇನಿದೆ? ತಂಗಿಯ ಪಾಲಿಗೆ 60 ಲಕ್ಷವೆಂದು ಬರೆದವನನ್ನು ಕೇಳಿ: ಅದೇ ಬೆಲೆಗೆ ಮನೆಯನ್ನು ತಂಗಿಯೇ ಇಟ್ಟುಕೊಂಡು ಅಣ್ಣಂದಿರಿಗೆ ಹಣ ಕೊಟ್ಟರೆ ಸರಿಯೇ? ಅಣ್ಣಂದಿರು ಒಪ್ಪದಿದ್ದರೆ ಆ ವರದಿ ಸುಳ್ಳೆಂದು ಅಲ್ಲೇ ಸಾಬೀತಾಯಿತು.

ಬೆಲೆಯನ್ನು ತಗ್ಗಿಸುವುದಷ್ಟೇ ಅಲ್ಲ, ಉಬ್ಬಿಸುವುದೂ ಅನ್ಯಾಯವೇ. ಬಡ್ಡಿಯ ಸಾಲದ ವಿಧಿ ಬೇರೆಯೇ ಚರ್ಚೆ. ಇಲ್ಲಿ ಬೆಲೆಯ ಮಾತನ್ನಷ್ಟೇ ಆಡೋಣ. ಇಂದಿರಾನಗರಕ್ಕೆ 2011ರಲ್ಲಿ, ಕೆ.ಆರ್. ಪುರಕ್ಕೆ 2023ರಲ್ಲಿ ಮೆಟ್ರೊ ರೈಲು ಬಂತು. ನಿಲ್ದಾಣದಿಂದ ದೂರವಿರುವ, ದಾಖಲೆಗಳು ಸರಿಯಿಲ್ಲದ ರೆವಿನ್ಯೂ ಸೈಟಿಗೂ ಮೆಟ್ರೊ ಪಕ್ಕದ ಬೆಲೆಯನ್ನು ಬರೆಸುವ ಬ್ರೋಕರ್‌ಗಳಿದ್ದಾರೆ. ಜೀವಮಾನದ ಉಳಿತಾಯವನ್ನು ಕೊಟ್ಟು ಅದನ್ನು ಕೊಂಡ ಬಡ ಕುಟುಂಬ, ಮಗಳ ಮದುವೆಗೆ ಮಾರಲು ಹೊರಟಾಗಷ್ಟೇ ನಿಜವನ್ನು ಅರಿಯುತ್ತದೆ.

ಪೂರ್ವ ಬೆಂಗಳೂರಿನ ಮುಸ್ಲಿಮ್ ಕುಟುಂಬಗಳಿಗೆ ಬೆಲೆಯ ಮಹತ್ವವನ್ನು ಹೆಚ್ಚು ವಿವರಿಸಬೇಕಾಗಿಲ್ಲ. 2019ರ ಜೂನ್‌ನಲ್ಲಿ ಶಿವಾಜಿನಗರದ ಐಎಂಎ ಸಂಸ್ಥೆ ಕುಸಿದು ಬಿದ್ದಾಗ ಸಾವಿರಾರು ಮನೆಗಳ ಉಳಿತಾಯ ಅದರಲ್ಲಿ ಸಿಲುಕಿತು. ಅದರ ಆಸ್ತಿಗಳನ್ನು ಸರಕಾರ ಮುಟ್ಟುಗೋಲು ಹಾಕಿಕೊಂಡಿತು. ಮುಟ್ಟುಗೋಲಾದ ಆಸ್ತಿಯನ್ನು ಮಾರಿ ಠೇವಣಿದಾರರಿಗೆ ಹಣ ಹಿಂದಿರುಗಿಸುವಾಗ, ಪ್ರತಿಯೊಂದು ಕಟ್ಟಡಕ್ಕೂ ಸಿಗುವ ಬೆಲೆಯು ಓರ್ವ ವಿಧವೆಯ ಕೈಗೆ ಎಷ್ಟು ರೂಪಾಯಿ ಬರುವುದೆಂದು ನಿರ್ಧರಿಸುತ್ತದೆ. ವಕ್ಫ್ ಆಸ್ತಿಯ ವಿಷಯವೂ ಹೀಗೆಯೇ. 2014ರ ವಕ್ಫ್ ಗುತ್ತಿಗೆ ನಿಯಮಗಳು ಬಾಡಿಗೆಯನ್ನು ಮಾರುಕಟ್ಟೆ ಮೌಲ್ಯದೊಂದಿಗೆ ಜೋಡಿಸಿದವು. ಅಲ್ಲಿ ಬೆಲೆ ಕುಗ್ಗಿಸಿ ಬರೆದರೆ ಅನಾಥರ ಮತ್ತು ಬಡ ವಿದ್ಯಾರ್ಥಿಗಳ ಹಕ್ಕು ಬಾಡಿಗೆದಾರನ ಜೇಬು ಸೇರುತ್ತದೆ.

ಕಾನೂನು ಸುಮ್ಮನೆ ಕುಳಿತಿಲ್ಲ. 2013ರ ಕಂಪೆನಿ ಕಾಯ್ದೆಯ 247ನೆಯ ವಿಧಿ ಮತ್ತು 2017ರ ನಿಯಮಗಳು ವ್ಯಾಲ್ಯುಯರ್‌ಗಳಿಗೆ ತರಬೇತಿ, ಪರೀಕ್ಷೆ ಮತ್ತು ನೋಂದಣಿಯನ್ನು ಕಡ್ಡಾಯಗೊಳಿಸಿದವು. ಗಿರಾಕಿಯ ಅನುಕೂಲಕ್ಕೆ ತಕ್ಕಂತೆ ಬೆಲೆ ಬರೆದುಕೊಡಬಾರದು, ಸ್ವಾತಂತ್ರ್ಯಕ್ಕೆ ಧಕ್ಕೆ ತರುವ ಉಡುಗೊರೆ ಸ್ವೀಕರಿಸಬಾರದು ಎಂದು ಅದರ ನೀತಿಸಂಹಿತೆ ಹೇಳುತ್ತದೆ. ಆದರೆ ಈ ನಿಯಮಗಳು ಮುಖ್ಯವಾಗಿ ಕಂಪೆನಿಗಳ ಮತ್ತು ದಿವಾಳಿ ಪ್ರಕರಣಗಳ ಮೌಲ್ಯಮಾಪನಕ್ಕೆ ಅನ್ವಯಿಸುತ್ತವೆ. ಇಡೀ ವೃತ್ತಿಯನ್ನು ಒಂದೇ ಶಿಸ್ತಿಗೆ ತರಲು ಎಂ.ಎಸ್. ಸಾಹೂ ಅಧ್ಯಕ್ಷತೆಯ ತಜ್ಞರ ಸಮಿತಿ 2020ರಲ್ಲಿ ಒಂದು ಕರಡು ಮಸೂದೆಯನ್ನೇ ನೀಡಿತು. ಆದರೆ ಅಣ್ಣ ತಂಗಿಯರ ನಡುವಿನ ಕೋಣೆಯಲ್ಲಿ ಯಾವ ಇನ್‌ಸ್ಪೆಕ್ಟರ್ ಬಂದು ಕೂರುತ್ತಾನೆ? ಅಲ್ಲಿ ಕಾವಲಿರುವುದು ದೇವಭಯ ಮಾತ್ರ.

ಉಡುಗೊರೆಯ ಕುರಿತು ಪ್ರವಾದಿ(ಸ)ರವರ ನಿಲುವನ್ನು ನೆನಪಿಸಿಕೊಳ್ಳಿ. ಝಕಾತ್ ಸಂಗ್ರಹಿಸಿ ಬಂದ ಒಬ್ಬರು, ಇದು ನಿಮ್ಮದು, ಇದು ನನಗೆ ಸಿಕ್ಕ ಉಡುಗೊರೆ ಎಂದು ಬೇರ್ಪಡಿಸಿ ಇಟ್ಟರು. ಪ್ರವಾದಿ(ಸ)ರವರು ಮಿಂಬರ್ ಏರಿ, ಆತ ತನ್ನ ತಂದೆ ತಾಯಿಯ ಮನೆಯಲ್ಲೇ ಕುಳಿತಿದ್ದರೆ ಈ ಉಡುಗೊರೆ ಬರುತ್ತಿತ್ತೇ ಎಂದು ಪ್ರಶ್ನಿಸಿದರು. ಶುಲ್ಕದ ಹೊರಗೆ ಕವರಿನಲ್ಲಿ ಬರುವ ಪ್ರತಿಯೊಂದು ನೋಟಿಗೂ ಈ ಪ್ರಶ್ನೆಯನ್ನು ಕೇಳಬೇಕು.

ಹಾಗಾದರೆ ದೈವಭಯವುಳ್ಳ ವ್ಯಾಲ್ಯುಯರ್ ಏನು ಮಾಡಬೇಕು? ತನ್ನ ಕೈ ಶುದ್ಧವಿದ್ದರೆ ಸಾಕೆಂದು ಮೂಲೆಯಲ್ಲಿ ಕುಳಿತುಕೊಳ್ಳಬೇಕೇ? ಹಝ್ರತ್ ಯೂಸುಫ್(ಅ)ರವರು ಹಾಗೆ ಮಾಡಲಿಲ್ಲ. ಈಜಿಪ್ತಿನ ಮೇಲೆ ಏಳು ವರ್ಷಗಳ ಬರಗಾಲ ಬರಲಿತ್ತು. ತಾನು ಕಾಪಾಡಬಲ್ಲವನೂ ಅರಿತವನೂ ಆಗಿರುವುದರಿಂದ ಭಂಡಾರಗಳ ಹೊಣೆಯನ್ನು ತನಗೆ ವಹಿಸಬೇಕೆಂದು ಅವರೇ ಮುಂದೆ ಬಂದು ಕೇಳಿದರು. ಪದವಿಯ ಆಸೆಯಿಂದ ಅಧಿಕಾರ ಕೇಳುವುದನ್ನು ಪ್ರವಾದಿ(ಸ)ರವರು ತಡೆದಿದ್ದಾರೆ. ಆದರೆ ಜನರ ಹಕ್ಕು ಹಾಳಾಗುತ್ತಿರುವಾಗ, ಅದನ್ನು ಉಳಿಸುವ ಜ್ಞಾನವಿರುವವನು ಕರೆಗಾಗಿ ಕಾಯುತ್ತಾ ಕೂರುವುದು ವಿನಯವಲ್ಲ, ಹೊಣೆಗೇಡಿತನ.

ಆದ್ದರಿಂದ ಈ ವೃತ್ತಿಯಲ್ಲಿರುವ ಸಹೋದರರೇ, ನೀವಾಗಿಯೇ ಮುಂದೆ ಬನ್ನಿ. ತಿಂಗಳಲ್ಲಿ ಒಂದು ದಿನವನ್ನು ನಿಮ್ಮ ಮೊಹಲ್ಲಾದ ಮಸೀದಿಗೆ ಕೊಟ್ಟು, ಪಾಲು ಹಂಚುವ ಕುಟುಂಬಗಳಿಗೆ ನಿಜ ಬೆಲೆ ತಿಳಿಸಿ. ಮುತವಲ್ಲಿಗಳ ಜೊತೆ ಕುಳಿತು ವಕ್ಫ್ ಅಂಗಡಿಗಳ ಬಾಡಿಗೆಯನ್ನು ಪರಿಶೀಲಿಸಿ. ರಾಜ್ಯ ಸರಕಾರ 2023ರ ಅಕ್ಟೋಬರ್ 1ರಿಂದ ಮಾರ್ಗಸೂಚಿ ದರಗಳನ್ನು ಪರಿಷ್ಕರಿಸುವ ಮುನ್ನ ಕರಡು ಪಟ್ಟಿಗೆ ಆಕ್ಷೇಪಣೆ ಆಹ್ವಾನಿಸಿತ್ತು. ಮುಂದೆ ಅಂತಹ ಅವಕಾಶ ಬಂದಾಗ ನಿಮ್ಮ ಬೀದಿಯ ನಿಜ ಸ್ಥಿತಿಯನ್ನು ಬರೆದು ತಿಳಿಸಿ. ಹೊಸ ಇಂಜಿನಿಯರ್ ಹುಡುಗರಿಗೆ ಲೆಕ್ಕವನ್ನಷ್ಟೇ ಅಲ್ಲ, ಒಲ್ಲೆ ಎನ್ನುವುದನ್ನೂ ಕಲಿಸಿ. ಗಿರಾಕಿಗಳು ಕೈಬಿಟ್ಟಾರು ಎಂಬ ಭಯ ಸಹಜ. ಆದರೆ ಅನ್ನ ಕೊಡುವವನು ಗಿರಾಕಿಯಲ್ಲ.

ಉಳಿದ ಓದುಗರೇ, ಹೊಣೆ ಅವರದೊಂದೇ ಅಲ್ಲ. ಕಡಿಮೆ ಬರೆಯಿರಿ ಎಂದು ಕೇಳುವವರು ಇರುವುದರಿಂದಲೇ ಬರೆಯುವವರು ಇದ್ದಾರೆ. ಸ್ವತಃ ನಿಮಗೆ ಅಥವಾ ನಿಮ್ಮ ಬಂಧುಗಳಿಗೆ ವಿರುದ್ಧವಾದರೂ ಸರಿ, ನ್ಯಾಯದ ಸಾಕ್ಷಿಗಳಾಗಿ ನಿಲ್ಲಬೇಕೆಂಬ ಆಜ್ಞೆ ನಮ್ಮೆಲ್ಲರಿಗೂ ಇದೆ. ನಿಮ್ಮ ಮನೆಯಲ್ಲಿ ಹಂಚಿಕೆಯಾಗದೆ ಉಳಿದ ಪಾಲು ಇದ್ದರೆ, ಈ ವಾರವೇ ತಂಗಿಯನ್ನು ಕರೆದು, ಆಕೆ ಒಪ್ಪುವ ವ್ಯಾಲ್ಯುಯರ್‌ನಿಂದ ಬೆಲೆ ಕಟ್ಟಿಸಿ. ನಾಳೆ ನಮ್ಮ ಕರ್ಮಗಳನ್ನು ತೂಗಲಿರುವ ತಕ್ಕಡಿಯ ಮುಂದೆ ಯಾವ ವರದಿಯೂ ನಮ್ಮ ನೆರವಿಗೆ ಬಾರದು. ಅಲ್ಲಾಹನು ನಮ್ಮ ತಕ್ಕಡಿಗಳನ್ನು ನೆಟ್ಟಗಿರಿಸಲಿ. ಆಮೀನ್.